ಬ್ಲೂಗ್ರಾಸ್ ಅಂದ್ರೆ ಕಾರ್ ಚೇಸ್ ಸಂಗೀತ ಅಲ್ವಾ? ಲೈವ್ ಕೇಳೋಕೆ ಹೋಗಿ ಏನು ಮಾಡಬೇಕು?

ಪ್ರಶ್ನೆ: ಮಗಳ ಮನೆಗೆ ಅಂತ ಅಮೆರಿಕಕ್ಕೆ ಬಂದಿದ್ದೇನೆ. ಮುಂದಿನ ವಾರ ಬ್ಲೂಗ್ರಾಸ್ ಕಚೇರಿಗೆ ಕರೆದುಕೊಂಡು ಹೋಗುತ್ತಾಳಂತೆ. ನನಗೆ ಗೊತ್ತಿರುವುದು ಹಳೇ ಇಂಗ್ಲಿಷ್ ಸಿನಿಮಾದಲ್ಲಿ ಪೊಲೀಸರು ಕಾರು ಅಟ್ಟಿಸಿಕೊಂಡು ಹೋಗುವಾಗ ಬರುವ ಆ ಟಿಣಿಟಿಣಿ ಬ್ಯಾಂಜೋ ಮಾತ್ರ. ಕೇಳಿದರೆ ನಗು ಬರುತ್ತೆ. ಎಲ್ಲಾ ಹಾಡೂ ಒಂದೇ ಥರ. ಎರಡು ಗಂಟೆ ಕೂತು ಏನು ಕೇಳಬೇಕು?

ಉತ್ತರ: ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳಿದ್ದೆ, ಹಾಗಾಗಿ ಬೇಜಾರೇನಿಲ್ಲ.

ಕೆಲವು ವರ್ಷ ನಾರ್ತ್ ಕ್ಯಾರೊಲೈನಾದ ರಾಲಿ ಪಕ್ಕದಲ್ಲಿದ್ದೆ. ಬ್ಲೂಗ್ರಾಸ್‌ನವರ ದೊಡ್ಡ ವಾರ್ಷಿಕ ಜಾತ್ರೆ ಆಗ ಆ ಊರಲ್ಲೇ ನಡೆಯುತ್ತಿತ್ತು. ಪೇಟೆಯ ಮುಖ್ಯ ರಸ್ತೆಗೆ ವಾಹನ ಬಿಡದೆ ಅಲ್ಲೇ ವೇದಿಕೆ ಹಾಕುತ್ತಿದ್ದರು, ಬೀದಿ ಕಚೇರಿಗೆ ಟಿಕೆಟ್ಟೂ ಇರಲಿಲ್ಲ. ಬಿಟ್ಟಿ ಅಂತಲೇ ಹೋದೆ, ಸುಳ್ಳು ಯಾಕೆ. ಅಮ್ಮ ಆಗ ಊರಿಂದ ಬಂದಿದ್ದರು. ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು, ಕಡಲೆಕಾಯಿ ಪೊಟ್ಟಣ ಹಿಡಿದು, ಎರಡು ಹಾಡು ಸುಮ್ನೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಮೃದಂಗ ಎಲ್ಲೋ?" ಅಂದರು.

"ಇಲ್ಲಮ್ಮ, ಇದರಲ್ಲಿ ಮೃದಂಗ ಇರಲ್ಲ."

"ಮತ್ತೆ ತಾಳ ಯಾರ ಕೈಲಿದೆ?"

ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನದಿಂದ ಈ ಸಂಗೀತ ನನಗೆ ಒಂದೇ ಥರ ಕೇಳಿಸುವುದು ನಿಂತುಹೋಯಿತು. ಅದಕ್ಕೇ ನಿಮಗೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಾಂಪ್ರದಾಯಿಕ ಬ್ಲೂಗ್ರಾಸ್ ತಂಡದಲ್ಲಿ ಡ್ರಮ್ಸ್ ಇರುವುದಿಲ್ಲ. ಇರುವುದು ಬ್ಯಾಂಜೋ, ಮ್ಯಾಂಡೊಲಿನ್, ಫಿಡಲ್, ಗಿಟಾರ್, ಆಳೆತ್ತರದ ಡಬಲ್ ಬಾಸ್. ಕೆಲವು ಸಲ ಮಲಗಿಸಿ ನುಡಿಸುವ ಡೋಬ್ರೋ ಗಿಟಾರ್ ಕೂಡ ಸೇರುತ್ತದೆ. ಫಿಡಲ್ ಅಂದರೆ ನಮ್ಮ ಪಿಟೀಲೇ. ಆ ಮಾತೇ ನಮ್ಮ ಬಾಯಲ್ಲಿ ಪಿಟೀಲು ಆಗಿದ್ದು. ಇವುಗಳಲ್ಲಿ ಬಾಸ್‌ನವರು ನಾಲ್ಕು ಎಣಿಕೆಯ 1 ಮತ್ತು 3ಕ್ಕೆ 'ದುಂ' ಅನ್ನಿಸುತ್ತಾರೆ. 2 ಮತ್ತು 4ಕ್ಕೆ ಮ್ಯಾಂಡೊಲಿನ್‌ನವರು ಎಲ್ಲಾ ತಂತಿಗಳನ್ನೂ ಒಂದೇ ಏಟಿಗೆ ಹೊಡೆದು, ಅದು ಮೊಳಗುವ ಮೊದಲೇ ಎಡಗೈ ಬೆರಳು ಸಡಿಲ ಬಿಟ್ಟು ನಾದವನ್ನು ಕತ್ತರಿಸಿಬಿಡುತ್ತಾರೆ. 'ಚಕ್' ಅಂತ ಒಣ ಸದ್ದು ಮಾತ್ರ ಉಳಿಯುತ್ತದೆ. ಇದಕ್ಕೆ ಅವರು ಚಾಪ್ ಅನ್ನುತ್ತಾರೆ. ದುಂ-ಚಕ್, ದುಂ-ಚಕ್. ಅಷ್ಟೇ ಮೃದಂಗ. ನಮ್ಮ ಮ್ಯಾಂಡೊಲಿನ್ ಶ್ರೀನಿವಾಸ್ ನುಡಿಸುತ್ತಿದ್ದದ್ದು ಐದು ತಂತಿಯ ಎಲೆಕ್ಟ್ರಿಕ್ ವಾದ್ಯ, ಅದನ್ನು ಮನಸ್ಸಲ್ಲಿ ಇಟ್ಟುಕೊಂಡು ಹೋಗಬೇಡಿ. ಇಲ್ಲಿಯದಕ್ಕೆ ನಾಲ್ಕು ಜೊತೆ ತಂತಿ, ಕರೆಂಟ್ ಇಲ್ಲ, ಕೆಲಸವೂ ಪೂರ್ತಿ ಬೇರೆ.

ಮ್ಯಾಂಡೊಲಿನ್‌ನವರಿಗೆ ಸ್ವಂತ ಸರದಿ ಬಂದಾಗ ಆ ಚಕ್ ಯಾರು ಕೊಡುತ್ತಾರೆ ಅಂತ ನೋಡಿ. ಒಮ್ಮೊಮ್ಮೆ ಬ್ಯಾಂಜೋ, ಒಮ್ಮೊಮ್ಮೆ ಫಿಡಲ್‌ನವರು ಕಮಾನನ್ನು ತಂತಿ ಮೇಲೆ ಕುಟ್ಟಿ ಕೊಡುತ್ತಾರೆ. ತಾಳ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಸ್ಪೀಕರ್‌ನಲ್ಲಿ ಕೇಳುವಾಗ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ, ಎದುರಿಗೆ ಕೂತಾಗ ಕಣ್ಣಿಗೇ ಕಂಡಿತು.

ಈಗ ನಗು ತರಿಸುವ ಬ್ಯಾಂಜೋ ವಿಷಯ. ಮೊದಲೇ ಹೇಳಿಬಿಡುತ್ತೇನೆ, ಮುಂಬೈ ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿಯಲ್ಲಿ ಇರುವುದು ಬೇರೆ ವಾದ್ಯ, ಟೈಪ್‌ರೈಟರ್ ಥರ ಕೀಲಿ ಒತ್ತಿ ನುಡಿಸುವ ಬುಲ್ಬುಲ್ ತರಂಗ. ಅಮೆರಿಕದ ಬ್ಯಾಂಜೋ ನೋಡೋಕೆ ಕೋಲು ಸಿಕ್ಕಿಸಿದ ತಮಟೆ ಥರ ಇರುತ್ತದೆ. ಅದರ ಬೇರು ಆಫ್ರಿಕಾದಲ್ಲಿದೆ. ಗುಲಾಮರಾಗಿ ಹಡಗಿನಲ್ಲಿ ಬಂದವರು ತಮ್ಮ ನೆನಪಿನಿಂದ ಕಟ್ಟಿಕೊಂಡ ವಾದ್ಯ ಅದು. ಐದನೇ ತಂತಿ ಗಿಡ್ಡ. ಅದರ ಬಿರಡೆ ಕತ್ತಿನ ಮಧ್ಯದಲ್ಲೇ ಇರುತ್ತದೆ. ಆ ತಂತಿ ರಾಗದ ನಡುನಡುವೆ ಒಂದೇ ಸ್ವರವನ್ನು ಬಿಡದೆ ಕುಟುಕುತ್ತಾ ಇರುತ್ತದೆ, ಶ್ರುತಿಪೆಟ್ಟಿಗೆಯ ಕೆಲಸ ಅನ್ನಿ. ಹೆಬ್ಬೆರಳು ಮತ್ತು ಇನ್ನೆರಡು ಬೆರಳಿಗೆ ಉಗುರಿನಂಥ ಪಿಕ್ ಹಾಕಿಕೊಂಡು ಉರುಳಿಸುವ ಆ ಮಳೆಯಂಥ ನುಡಿಸಾಣಿಕೆಯನ್ನು ಪಳಗಿಸಿ, ಲೋಕಕ್ಕೆಲ್ಲ ಹರಡಿದವರು ಅರ್ಲ್ ಸ್ಕ್ರಗ್ಸ್. ನಾರ್ತ್ ಕ್ಯಾರೊಲೈನಾದವರು, ಹುಟ್ಟಿದ್ದು 1924ರಲ್ಲಿ. ಮಹಾಯುದ್ಧದ ದಿನಗಳಲ್ಲಿ ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು.

1945ರ ಕೊನೆಗೆ ಸ್ಕ್ರಗ್ಸ್ ಹೋಗಿ ಸೇರಿದ್ದು ಬಿಲ್ ಮನ್ರೋ ಅವರ ತಂಡಕ್ಕೆ. ಕೆಂಟಕಿ ರಾಜ್ಯಕ್ಕೆ ನೀಲಿ ಹುಲ್ಲಿನ ನಾಡು ಅಂತ ಅಡ್ಡಹೆಸರು. ಮನ್ರೋ ಅಲ್ಲಿಯವರು, ಅದಕ್ಕೇ ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಅಂತ ಹೆಸರಿಟ್ಟರು. ಆಮೇಲೆ ಆ ಹೆಸರು ಇಡೀ ಸಂಗೀತಕ್ಕೇ ಅಂಟಿಕೊಂಡಿತು. ತಮಾಷೆ ಏನಂದ್ರೆ ಹುಲ್ಲು ಹಸಿರೇ, ಮನ್ರೋ ಹುಟ್ಟಿದ ರೋಸೀನ್ ಅನ್ನೋ ಊರು ಆ ಹುಲ್ಲಿನ ಸೀಮೆಯಲ್ಲೂ ಇಲ್ಲ, ಕಲ್ಲಿದ್ದಲು ಸಿಗುವ ಪಶ್ಚಿಮದ ಕಡೆ ಇದೆ. 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೋ ಕಾರ್ಯಕ್ರಮಕ್ಕೆ ಮನ್ರೋ ಬಂದರು. ಆರು ವರ್ಷದ ನಂತರ ಸ್ಕ್ರಗ್ಸ್ ಸೇರಿದಾಗ ಈಗ ನಾವು ಕೇಳುವ ರೂಪ ಕೂಡಿಬಂತು.

ಅಂದರೆ ಇದು ಬೆಟ್ಟದ ಜನರ ಸಾವಿರ ವರ್ಷದ ಸಂಗೀತ ಏನಲ್ಲ. ಹಳೇ ಹಾಡು, ಚರ್ಚಿನ ಭಜನೆ, ಕರಿಯರ ಬ್ಲೂಸ್ ಎಲ್ಲಾ ಬೆರೆಸಿ ರೇಡಿಯೋ ಕಾಲದಲ್ಲಿ ಮಾಡಿದ ಹೊಸ ಅಡುಗೆ. ಕನ್ನಡದ ಮೊದಲ ಟಾಕಿ ಬಂದದ್ದು 1934ರಲ್ಲಿ. ಬ್ಲೂಗ್ರಾಸ್ ಅದಕ್ಕಿಂತ ಚಿಕ್ಕದು! ಮನ್ರೋ ಹುಡುಗನಾಗಿದ್ದಾಗ ಆರ್ನಲ್ಡ್ ಶುಲ್ಟ್ಸ್ ಎಂಬ ಕರಿಯ ಸಂಗೀತಗಾರರ ಜೊತೆ ಕುಣಿತದ ಮನೆಗಳಲ್ಲಿ ನುಡಿಸಿದ್ದರು. ಆ ಹೆಸರು ಎಷ್ಟೋ ಕಾಲ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಹಾಗಾದರೆ ಕಾರ್ ಚೇಸ್ ಎಲ್ಲಿಂದ ಬಂತು? 1967ರಲ್ಲಿ 'ಬಾನಿ ಅಂಡ್ ಕ್ಲೈಡ್' ಸಿನಿಮಾ ಬಂತು. ಬ್ಯಾಂಕ್ ದೋಚಿ ಕಾರಲ್ಲಿ ಓಡುವ ಜೋಡಿಯ ಕಥೆ. ಆ ಓಟಕ್ಕೆ ಸ್ಕ್ರಗ್ಸ್ 1949ರಲ್ಲಿ ರೆಕಾರ್ಡ್ ಮಾಡಿದ್ದ 'ಫಾಗಿ ಮೌಂಟನ್ ಬ್ರೇಕ್‌ಡೌನ್' ಹಾಕಿದರು. ಅಲ್ಲಿಂದ ಸಿನಿಮಾ, ಟೀವಿ, ಜಾಹೀರಾತು ಎಲ್ಲದರಲ್ಲೂ ಓಡುವ ಕಾರಿಗೆ ಬ್ಯಾಂಜೋ ಕಟ್ಟುವುದೇ ಪದ್ಧತಿ ಆಯಿತು. ನಿಜವಾದ ಬಾನಿ ಮತ್ತು ಕ್ಲೈಡ್ ಪೊಲೀಸರ ಗುಂಡಿಗೆ ಸತ್ತದ್ದು 1934ರಲ್ಲಿ. ಆಗ ಸ್ಕ್ರಗ್ಸ್ ಹತ್ತು ವರ್ಷದ ಹುಡುಗ. ಕಥೆ ನಡೆಯುವಾಗ ಆ ಸಂಗೀತ ಹುಟ್ಟೇ ಇರಲಿಲ್ಲ, ಆದರೂ ಅದನ್ನು ಕೇಳಿದ ಕೂಡಲೇ ಎಲ್ಲರಿಗೂ ಆ ಕಾಲ ಕಣ್ಣಮುಂದೆ ಬರುತ್ತದೆ. ನನಗೂ ಬರುತ್ತದೆ.

ನಗು ಬರುವುದಕ್ಕೆ ಕಾರಣ ಇನ್ನೊಂದು. 1962ರಲ್ಲಿ 'ಬೆವರ್ಲಿ ಹಿಲ್‌ಬಿಲೀಸ್' ಅಂತ ಟೀವಿ ಧಾರಾವಾಹಿ ಶುರುವಾಯಿತು. ಎಣ್ಣೆ ಸಿಕ್ಕಿ ದಿಢೀರ್ ಶ್ರೀಮಂತರಾದ ಹಳ್ಳಿಯವರು ಪಟ್ಟಣದ ಬಂಗಲೆಗೆ ಬಂದು ಪೇಚಾಡುವ ಹಾಸ್ಯ. ಹಿಲ್‌ಬಿಲಿ ಅಂದರೆ ಹಳ್ಳಿ ಗುಗ್ಗು ಅಂದ ಹಾಗೆ. ಅದರ ಶೀರ್ಷಿಕೆ ಹಾಡಿಗೆ ಬ್ಯಾಂಜೋ ನುಡಿಸಿದ್ದೂ ಸ್ಕ್ರಗ್ಸ್. ಅವರೂ ಗಿಟಾರಿನ ಲೆಸ್ಟರ್ ಫ್ಲ್ಯಾಟ್‌ರೂ ಮಾಡಿದ ಆ ಹಾಡಿನ ರೆಕಾರ್ಡ್ ಕಂಟ್ರಿ ಸಂಗೀತದ ಪಟ್ಟಿಯಲ್ಲಿ 1963ರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ಚಳಿಗಾಲದಲ್ಲಿ, 1962ರ ಡಿಸೆಂಬರಿನಲ್ಲಿ, ಈ ಇಬ್ಬರೂ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಚೇರಿ ಕೊಟ್ಟಿದ್ದರು. ಕೋಟು, ಟೈ, ಹ್ಯಾಟು ಹಾಕಿಕೊಂಡು ಮದುವೆಗೆ ಬಂದವರ ಹಾಗೆ ನಿಂತು ನುಡಿಸುತ್ತಿದ್ದ ಜನ ಅವರು. ಟೀವಿ ನೋಡಿದವರ ತಲೆಯಲ್ಲಿ ಉಳಿದದ್ದು ಮಾತ್ರ ಹರಕು ಹ್ಯಾಟು, ಬರಿಗಾಲು.

ಆಮೇಲೆ 1972ರ 'ಡೆಲಿವರೆನ್ಸ್'. ಇದು ಹಾಸ್ಯವಲ್ಲ, ಭಯ. ದೋಣಿ ಪ್ರವಾಸಕ್ಕೆ ಬಂದ ಪಟ್ಟಣದವರಲ್ಲಿ ಒಬ್ಬ ಗಿಟಾರ್ ಮೀಟುತ್ತಾನೆ, ಹಳ್ಳಿಯ ಹುಡುಗನೊಬ್ಬ ಬ್ಯಾಂಜೋದಲ್ಲಿ ಉತ್ತರ ಕೊಡುತ್ತಾನೆ, ಜುಗಲ್‌ಬಂದಿ ಏರುತ್ತದೆ. ಆ ಹುಡುಗನಿಗೆ ಬ್ಯಾಂಜೋ ಬರುತ್ತಿರಲಿಲ್ಲ. ಬ್ಯಾಂಜೋ ಬಲ್ಲ ಇನ್ನೊಬ್ಬ ಹುಡುಗ ಹಿಂದೆ ಅಡಗಿ ಕೂತು ತನ್ನ ಕೈಯನ್ನು ಇವನ ತೋಳಿನ ಜಾಗಕ್ಕೆ ತೂರಿಸಿದ್ದ. ಧ್ವನಿಮುದ್ರಣ ಮಾಡಿದವರಂತೂ ಬೇರೆಯೇ ಇಬ್ಬರು. ಹಾಡಿನ ಹೆಸರು 'ಡ್ಯುಯೆಲಿಂಗ್ ಬ್ಯಾಂಜೋಸ್', ಆದರೆ ಕಾದಾಡುವುದು ಒಂದು ಗಿಟಾರ್, ಒಂದು ಬ್ಯಾಂಜೋ! 1973ರಲ್ಲಿ ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನದವರೆಗೂ ಏರಿತು. ಅದನ್ನು 1950ರ ದಶಕದಲ್ಲೇ ಕಟ್ಟಿದ್ದ ಆರ್ಥರ್ ಸ್ಮಿತ್ ತಮ್ಮ ಹಕ್ಕಿಗಾಗಿ ಕೋರ್ಟಿಗೆ ಹೋಗಿ ಗೆಲ್ಲಬೇಕಾಯಿತು. ಇವತ್ತಿಗೂ ಕಾಡುದಾರಿಯಲ್ಲಿ ಕಾರು ಕೆಟ್ಟರೆ ಅಮೆರಿಕದವರು ಆ ನಾಲ್ಕು ಸ್ವರ ಗುನುಗಿ ನಗುತ್ತಾರೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಅಷ್ಟೇನೂ ನಗುವ ವಿಷಯ ಅಲ್ಲ.

ಹಾಗಂತ ಸಿನಿಮಾದವರನ್ನು ಪೂರ್ತಿ ಬೈಯೋಕೂ ಆಗಲ್ಲ. 2000ದಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' ಚಿತ್ರದ ಹಾಡುಗಳಿಗೆ 2002ರಲ್ಲಿ ವರ್ಷದ ಆಲ್ಬಂ ಅಂತ ಗ್ರ್ಯಾಮಿ ಸಿಕ್ಕಿತು. ಒಂದಿಡೀ ಹೊಸ ಪೀಳಿಗೆ ಫಿಡಲ್ ಕೊಂಡಿತು. ಪರದೆ ಮೇಲೆ ತುಟಿ ಆಡಿಸಿದ್ದು ಜಾರ್ಜ್ ಕ್ಲೂನಿ, ಹಾಡಿದ್ದು ಡ್ಯಾನ್ ಟಿಮಿನ್ಸ್ಕಿ. ನಮಗೆ ಇದರಲ್ಲಿ ವಿಶೇಷ ಏನಿಲ್ಲ, ಹಿನ್ನೆಲೆ ಗಾಯನ ಅಂದ್ರೆ ಇದೇ ಅಲ್ವಾ. ಅದೇ ಟಿಮಿನ್ಸ್ಕಿ 2013ರಲ್ಲಿ ಸ್ವೀಡನ್ನಿನ ಡಿಜೆ ಅವೀಚಿಯ 'ಹೇ ಬ್ರದರ್' ಹಾಡಿದರು, ಅದಕ್ಕೆ ಕ್ಲಬ್ಬುಗಳಲ್ಲಿ ಕುಣಿದ ಎಷ್ಟೋ ಜನಕ್ಕೆ ಆ ಕಂಠ ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ಲ. ಜೆಕ್ ದೇಶದಲ್ಲಿ 1970ರ ದಶಕದಿಂದಲೂ ಬ್ಲೂಗ್ರಾಸ್ ಉತ್ಸವ ನಡೆಯುತ್ತಿದೆ, ಜಪಾನಿನಲ್ಲೂ ನಡೆಯುತ್ತದೆ. ಡ್ರಮ್ಸ್ ಬೇಡ ಅಂದ ಮನ್ರೋ ಅವರನ್ನು ರಾಕ್ ಅಂಡ್ ರೋಲ್‌ನವರು 1997ರಲ್ಲಿ ತಮ್ಮ ಹಾಲ್ ಆಫ್ ಫೇಮ್ ಅನ್ನೋ ಗಣ್ಯರ ಸಾಲಿಗೆ ಸೇರಿಸಿಕೊಂಡರು. ಯಾಕಂದ್ರೆ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ 1954ರಲ್ಲಿ ತನ್ನ ಮೊದಲ ರೆಕಾರ್ಡಿನ ಇನ್ನೊಂದು ಬದಿಗೆ ಹಾಡಿದ್ದೇ ಮನ್ರೋ ಹಾಡನ್ನು, ಮೂರರ ನಡೆಯಲ್ಲಿ ತೂಗುತ್ತಿದ್ದದ್ದನ್ನು ನಾಲ್ಕಕ್ಕೆ ತಂದು. ಮನ್ರೋ ಸುಮ್ಮನಿರಲಿಲ್ಲ. ತಾವೂ ಮತ್ತೆ ರೆಕಾರ್ಡ್ ಮಾಡಿದರು. ಮೊದಲರ್ಧ ತಮ್ಮ ಹಳೇ ನಡೆ, ಆಮೇಲೆ ಎಲ್ವಿಸ್ ಥರ ಓಟ.

ಮನ್ರೋ ಬಗ್ಗೆ ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅವರ ಮ್ಯಾಂಡೊಲಿನ್ 1923ರ ಗಿಬ್ಸನ್, ಮಯಾಮಿಯ ಒಂದು ಕ್ಷೌರದಂಗಡಿಯಲ್ಲಿ ಮಾರಾಟಕ್ಕಿದ್ದದ್ದನ್ನು 150 ಡಾಲರ್ ಕೊಟ್ಟು ತಂದದ್ದು. ಮುಂದೆ ರಿಪೇರಿ ವಿಷಯಕ್ಕೆ ಕಂಪನಿ ಮೇಲೆ ಸಿಟ್ಟು ಬಂದು, ತಲೆಯ ಮೇಲಿದ್ದ ಗಿಬ್ಸನ್ ಅನ್ನುವ ಹೆಸರನ್ನು ಚಾಕುವಿನಲ್ಲಿ ಕೆರೆದು ತೆಗೆದರು. ತಮ್ಮ ತಂಡದಲ್ಲೇ ಇದ್ದು 1948ರಲ್ಲಿ ಬಿಟ್ಟು ಹೊರಟ ಫ್ಲ್ಯಾಟ್ ಜೊತೆ 1971ರವರೆಗೂ ಮಾತು ಬಿಟ್ಟಿದ್ದ ಮನುಷ್ಯ, ಇದೇನು ದೊಡ್ಡದಲ್ಲ.

ಸರಿ, ಮುಂದಿನ ವಾರಕ್ಕೆ ಬರೋಣ.

ತಂಡದವರು ಒಂದೇ ಮೈಕಿನ ಸುತ್ತ ನಿಂತಿದ್ದರೆ ನಿಮ್ಮ ಅದೃಷ್ಟ. ಈಗ ಎಲ್ಲರೂ ಹಾಗೆ ಮಾಡುವುದಿಲ್ಲ, ಆದರೆ ಹಳೇ ಪದ್ಧತಿಯವರು ಬಿಟ್ಟಿಲ್ಲ. ಸರದಿ ಬಂದವರು ಮೈಕ್ ಹತ್ತಿರ ಸರಿಯುತ್ತಾರೆ, ಮುಗಿದವರು ಓರೆಯಾಗಿ ಹಿಂದೆ ಜಾರುತ್ತಾರೆ. ಬ್ಯಾಂಜೋ ಕತ್ತು ಫಿಡಲ್ ಕಮಾನಿಗೆ ತಾಗದ ಹಾಗೆ, ಯಾರೂ ಯಾರ ಕಾಲೂ ತುಳಿಯದೆ. ಸೌಂಡ್ ಹೆಚ್ಚು ಕಡಿಮೆ ಮಾಡುವುದು ಅವರ ಹೆಜ್ಜೆಯೇ. ಹಾಡುವಾಗ ಮೂರು ತಲೆ ಒಟ್ಟಿಗೆ ಬಾಗುತ್ತವೆ. ಮಧ್ಯದ ದನಿ ಮೂಲ ಧಾಟಿ, ಅದರ ಮೇಲೊಂದು ದನಿ, ಕೆಳಗೊಂದು. ಮೇಲಿನದು ಗಂಟಲು ಬಿಗಿದು ಏರುವ, ಒಂಟಿತನದ ಕೂಗಿನಂಥ ದನಿ. ಮೊದಲ ಸಲ ಕಿವಿಗೆ ಕೀರಲು ಅನ್ನಿಸಬಹುದು. ನನಗೆ ಮೂರನೇ ಸಲಕ್ಕೆ ಮೈ ಜುಮ್ಮೆಂದಿತು.

ಒಂದು ಚರಣ ಮುಗಿದ ಕೂಡಲೇ ಒಬ್ಬೊಬ್ಬರೇ ವಾದ್ಯ ನುಡಿಸುತ್ತಾರಲ್ಲ, ಅದಕ್ಕೆ ಬ್ರೇಕ್ ಅಂತಾರೆ. ಅದು ಮುಗಿದಾಗ ಹಾಡಿನ ಮಧ್ಯೆಯೇ ಚಪ್ಪಾಳೆ ತಟ್ಟಬೇಕು. ನಾನು ಮೊದಲ ದಿನ ಮರ್ಯಾದಸ್ಥನಂತೆ ಹಾಡು ಮುಗಿಯುವವರೆಗೂ ಕಾದು ಕೂತಿದ್ದೆ.

ಎಲ್ಲಾ ಒಂದೇ ಥರ ಅನ್ನಿಸಿದರೆ ಹೀಗೆ ಮಾಡಿ. ಒಂದು ಹಾಡಿಗೆ ಒಂದೇ ವಾದ್ಯದ ಬೆನ್ನು ಹತ್ತಿ. ಬ್ಯಾಂಜೋದಿಂದ ಶುರು ಮಾಡಬೇಡಿ, ಅದು ಹೇಗಿದ್ದರೂ ಕೇಳುತ್ತದೆ. ಬಾಸ್‌ನಿಂದ ಶುರು ಮಾಡಿ. ಸಾಹಿತ್ಯದ ಕಡೆಗೂ ಒಂದು ಕಿವಿ ಇರಲಿ. ಕುಣಿಯೋಣ ಅನ್ನಿಸುವ ಧಾಟಿಯಲ್ಲಿ ಹುಡುಗಿಯನ್ನು ಕೊಂದು ಹೊಳೆಗೆ ಎಸೆದ ಕಥೆ ಹಾಡುತ್ತಿರುತ್ತಾರೆ. ಅಮ್ಮನಿಗೆ ನಾನು ಅರ್ಥ ಹೇಳಿದಾಗ ಕಡಲೆಕಾಯಿ ಸುಲಿಯುವುದು ನಿಲ್ಲಿಸಿ, "ಅಯ್ಯೋ ರಾಮ, ಇದಕ್ಯಾಕೋ ಇಷ್ಟು ಖುಷಿಯಾಗಿ ನುಡಿಸ್ತಾರೆ?" ಅಂದರು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಹೋಗುವ ಮೊದಲು ಕಿವಿ ಹದ ಮಾಡಿಕೊಳ್ಳಬೇಕು ಅಂದರೆ ನಮ್ಮವರಿಂದಲೇ ಶುರು ಮಾಡಬಹುದು. ಬ್ಯಾಂಜೋದ ಬೇಲಾ ಫ್ಲೆಕ್, ತಬಲಾದ ಝಾಕಿರ್ ಹುಸೇನ್, ಬಾಸ್‌ನ ಎಡ್ಗರ್ ಮೆಯರ್, ಕೊಳಲಿನ ರಾಕೇಶ್ ಚೌರಾಸಿಯಾ ಸೇರಿ ಮಾಡಿದ ಆಲ್ಬಂಗೆ 2024ರಲ್ಲಿ ಗ್ರ್ಯಾಮಿ ಬಂತು. ಅದು ಬ್ಲೂಗ್ರಾಸ್ ಅಲ್ಲ. ಆದರೆ ಕಾರ್ ಇಲ್ಲದ ಬ್ಯಾಂಜೋ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಬಯಲು ಕಚೇರಿ ಆಗಿದ್ದರೆ ವೇದಿಕೆ ಬಿಟ್ಟು ಒಮ್ಮೆ ಪಾರ್ಕಿಂಗ್ ಜಾಗಕ್ಕೂ ಹೋಗಿ ಬನ್ನಿ. ಕಾರಿನ ಡಿಕ್ಕಿ ತೆಗೆದಿಟ್ಟು, ಪರಿಚಯವೇ ಇಲ್ಲದ ಐದಾರು ಜನ ವೃತ್ತವಾಗಿ ನಿಂತು ನುಡಿಸುತ್ತಿರುತ್ತಾರೆ, ಹತ್ತು ವರ್ಷದ ಹುಡುಗಿ ಮತ್ತು ಎಪ್ಪತ್ತರ ಅಜ್ಜ ಅಕ್ಕಪಕ್ಕ. ಕಣ್ಣಲ್ಲೇ ಸರದಿ ದಾಟಿಸುತ್ತಾರೆ. ಹತ್ತಿರ ನಿಂತು ಕೇಳಿದರೆ ಯಾರೂ ಏನೂ ಅನ್ನುವುದಿಲ್ಲ. ವೃತ್ತದ ಒಳಗೆ ಮಾತ್ರ ನಿಲ್ಲಬೇಡಿ, ಫೋನ್ ಹಿಡಿದು ನಾನು ನಿಂತಿದ್ದೆ.

ಮಗಳಿಗೆ ಮಡಚುವ ಕುರ್ಚಿ ತರಲು ಹೇಳಿ. ಬೆಳಿಗ್ಗೆಯೇ ಹೋಗಿ ಹಾಕಿಬಿಟ್ಟರೆ ಜಾಗ ನಿಮ್ಮದು. ನೀವು ಊಟಕ್ಕೆ ಎದ್ದು ಹೋದಾಗ ಯಾರಾದರೂ ಕೂತಿರಬಹುದು, ಎಷ್ಟೋ ಕಡೆ ಅದೂ ಪದ್ಧತಿಯೇ. ನೀವು ಬಂದು ನಿಂತ ಕೂಡಲೇ ನಕ್ಕು ಎದ್ದು ಹೋಗುತ್ತಾರೆ. ಕುರ್ಚಿ ಬೆನ್ನಿಗೆ ದೊಡ್ಡದಾಗಿ ಕನ್ನಡದಲ್ಲಿ ಹೆಸರು ಬರೆದುಬಿಡಿ. ಅಷ್ಟೊಂದು ಒಂದೇ ಥರದ ಕುರ್ಚಿಗಳ ನಡುವೆ ನಮ್ಮದನ್ನು ಅಮ್ಮ ಹುಡುಕುತ್ತಿದ್ದದ್ದು ಹಾಗೇ.