ಮೆಷಿನ್ ಸುಮ್ನೆ ನಿಂತರೆ ನಷ್ಟವೇ?

ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ ನಾನು ಟ್ರೈನಿ ಆಗಿದ್ದಾಗ 18,000 ಕ್ಲಾಂಪ್‌ಗಳು ಒಂದೇ ದಿನ ಗುಜರಿಗೆ ಹೋದವು. ಆರ್ಡರ್ ಇದ್ದದ್ದು 2,000ಕ್ಕೆ. ಹೊಡೆದಿದ್ದು 20,000. ಯಾಕೆಂದರೆ ಪ್ರೆಸ್‌ಗೆ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಹತ್ತಿಸಲು ನಾಲ್ಕು ಗಂಟೆ, ಅಂದರೆ ಅರ್ಧ ಶಿಫ್ಟ್ ಹಿಡಿಯುತ್ತಿತ್ತು. ಅಷ್ಟು ಕಷ್ಟಪಟ್ಟು ಹತ್ತಿಸಿದ ಡೈಯನ್ನು ಒಂದು ಗಂಟೆಗೇ ಇಳಿಸುವುದು ಯಾವ ಬುದ್ಧಿವಂತಿಕೆ? ಮುಂದಿನ ಆರ್ಡರಿಗೂ ಆಗಲಿ ಅಂತ ಹೊಡೆಯುತ್ತಲೇ ಹೋದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗಿರಾಕಿ ಡ್ರಾಯಿಂಗ್ ಬದಲಿಸಿದ. ತೂತು 2 ಮಿಲಿಮೀಟರ್ ಪಕ್ಕಕ್ಕೆ ಸರಿಯಿತು. ಅಷ್ಟೇ, ಮೂಲೆಯಲ್ಲಿ ಎಣ್ಣೆ ಹಚ್ಚಿ ಜೋಡಿಸಿಟ್ಟಿದ್ದ ಕ್ಲಾಂಪ್‌ಗಳೆಲ್ಲ ತೂಕದ ಲೆಕ್ಕದಲ್ಲಿ ಮಾರಾಟವಾದವು.

ಸೂಪರ್‌ವೈಸರ್ ಒಳ್ಳೆಯವರು. ಬೇಸರದಲ್ಲೂ ಅವರು ಹೇಳಿದ್ದು ಒಂದೇ ಮಾತು: "ನೋಡಪ್ಪಾ, ಮೆಷಿನ್ ನಿಲ್ಲಬಾರದು. ನಿಂತ ಮೆಷಿನ್ ಬಾಡಿಗೆ ತಿನ್ನುತ್ತೆ."

ಆಯುಧ ಪೂಜೆಯ ದಿನ ಅದೇ ಪ್ರೆಸ್ ಅನ್ನು ನಿಲ್ಲಿಸಿ, ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಯುತ್ತಿದ್ದೆವು. ಅದನ್ನು ಮೂಢನಂಬಿಕೆ ಅಂತ ಆಡಿಕೊಳ್ಳುವವರು ಬಹಳ. ನನಗೇನೋ ವರ್ಷಕ್ಕೊಮ್ಮೆ ಮೆಷಿನ್ ನಿಲ್ಲಿಸಿ ಒರೆಸುವುದರಲ್ಲಿ ತಪ್ಪು ಕಾಣುವುದಿಲ್ಲ. ಉಳಿದ 364 ದಿನ "ನಿಂತರೆ ನಷ್ಟ" ಅಂತ ಬೇಡದ ವಸ್ತು ಹೊಡೆಯುವುದಿದೆಯಲ್ಲ, ಮೂಢನಂಬಿಕೆ ಅಂದರೆ ಅದು. ಪೂಜೆಗೆ ಒಂದು ಕುಂಬಳಕಾಯಿ ಸಾಕು, ಈ ನಂಬಿಕೆಗೆ ಟನ್‌ಗಟ್ಟಲೆ ಉಕ್ಕು ಬೇಕು.

ಈ ನಂಬಿಕೆಯನ್ನು ಒಡೆದ ವಿದ್ಯೆಗೆ ಲೀನ್ ಅಂತ ಹೆಸರು. ಪದ ಈಚಿನದು. 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಅಮೆರಿಕದ ಎಂಜಿನಿಯರ್ ಬಳಕೆಗೆ ತಂದದ್ದು. ವಿದ್ಯೆ ಮಾತ್ರ ಜಪಾನಿನ ಟೊಯೋಟಾದವರದು. ನಮ್ಮಲ್ಲಿ ಲೀನ್ ಅಂದರೆ ಜನ ಕಡಿಮೆ ಮಾಡುವುದು, ಇಲ್ಲವೇ ಗೋಡೆಗೆ ಜಪಾನಿ ಪದಗಳ ಪೋಸ್ಟರ್ ಅಂಟಿಸಿ ನೆಲಕ್ಕೆ ಹಳದಿ ಗೆರೆ ಎಳೆಯುವುದು ಅಂತಾಗಿದೆ. ಗೆರೆ ಎಳೆದವರು ಗೆರೆಯ ಒಳಗೇ ಮೂರು ತಿಂಗಳ ಸ್ಟಾಕ್ ಪೇರಿಸಿರುತ್ತಾರೆ!

ಟೊಯೋಟಾ ಕಥೆ ಕಾರಿನಿಂದ ಶುರುವಾಗುವುದಿಲ್ಲ, ಮಗ್ಗದಿಂದ ಶುರುವಾಗುತ್ತದೆ. ಸಾಕಿಚಿ ಟೊಯೊಡಾ ಮಾಡಿದ ಮಗ್ಗಗಳಲ್ಲಿ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಹಾಗೆ ನಿಲ್ಲದ ಮಗ್ಗದಲ್ಲಿ ನೂಲು ಕಡಿದದ್ದು ಯಾರ ಕಣ್ಣಿಗೂ ಬೀಳದಿದ್ದರೆ ಮಗ್ಗ ಗಜಗಟ್ಟಲೆ ಹಾಳು ಬಟ್ಟೆ ನೇಯುತ್ತಾ ಹೋಗುತ್ತಿತ್ತು. 1924ರ ಅವರ ಮಗ್ಗ ಎಷ್ಟು ಚೆನ್ನಾಗಿತ್ತು ಅಂದರೆ, 1929ರಲ್ಲಿ ಮಗ್ಗಗಳ ತವರಾದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಯೇ ಅದರ ಪೇಟೆಂಟ್ ಹಕ್ಕಿಗೆ 1,00,000 ಪೌಂಡ್ ಕೊಡಲು ಒಪ್ಪಿತು. ಸಾಕಿಚಿ ಕಂಡುಕೊಂಡಿದ್ದು ಇಷ್ಟೇ: ನಿಲ್ಲಬೇಕಾದಾಗ ನಿಲ್ಲುವುದೂ ಮೆಷಿನ್‌ನ ಕೆಲಸ. ನಿಲ್ಲಲು ಬಂದರೆ ಪಕ್ಕದಲ್ಲಿ ಕಾವಲು ಬೇಡ, ಒಬ್ಬಳೇ ಹತ್ತಾರು ಮಗ್ಗ ನೋಡಿಕೊಳ್ಳಬಹುದು.

ಮಗ ಕಿಯಿಚಿರೋ 1937ರಲ್ಲಿ ಕಾರಿನ ಕಂಪನಿ ಕಟ್ಟಿದರು. 1950ರ ಹೊತ್ತಿಗೆ ಮಾರಾಟ ಕುಸಿದು, ಸಾಲ ಏರಿ, ಮುಷ್ಕರವಾಗಿ, ಸಾವಿರಾರು ಜನ ಕೆಲಸ ಬಿಡಬೇಕಾಯಿತು. ಕಿಯಿಚಿರೋ ಕೂಡ ರಾಜೀನಾಮೆ ಕೊಟ್ಟರು. ಮಗ್ಗದ ಕಡೆಯಿಂದ ಕಾರಿನ ಕಡೆಗೆ ಬಂದಿದ್ದ ತೈಚಿ ಓನೋ ಎಂಬ ಎಂಜಿನಿಯರ್ ಇದನ್ನೆಲ್ಲ ಒಳಗಿದ್ದೇ ನೋಡಿದವರು. ಮುಂದೆ ಅವರು ಏಳು ಬಗೆಯ ದಂಡ, ಅಂದರೆ ವ್ಯರ್ಥ, ಪಟ್ಟಿ ಮಾಡಿದರು. ಜಪಾನಿಯಲ್ಲಿ ಅದಕ್ಕೆ 'ಮುಡಾ' ಅನ್ನುತ್ತಾರೆ. ಮೈಸೂರಿನವರು ಸೈಟು ಹಂಚುತ್ತಿದ್ದ ಮುಡಾ ಅಂದುಕೊಳ್ಳಬಾರದು. ಏಳರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಬೇಕಾದದ್ದಕ್ಕಿಂತ ಜಾಸ್ತಿ ಮಾಡುವುದು, ಉಳಿದ ಆರಕ್ಕೂ ಅದು ತಾಯಿ ಅಂತ ಓನೋ ಲೆಕ್ಕ.

ಸರಿ, ಜಾಸ್ತಿ ಮಾಡಬೇಡಿ ಅಂದರೆ ಮುಗಿಯಿತೇ? ನಮ್ಮ ಸೂಪರ್‌ವೈಸರ್ ಮೂರ್ಖರಲ್ಲ. ಅವರ ಲೆಕ್ಕಕ್ಕೆ ಸೂತ್ರವೇ ಇದೆ. 1913ರಲ್ಲಿ ಅಮೆರಿಕದ ಫೋರ್ಡ್ ವಿಟ್ಮನ್ ಹ್ಯಾರಿಸ್ ಅದನ್ನು ಬರೆದರು. (ಹೆಸರಲ್ಲಿ ಫೋರ್ಡ್ ಇದ್ದರೂ ಕಾರಿನ ಫೋರ್ಡ್‌ಗೂ ಇವರಿಗೂ ನಂಟಿಲ್ಲ. ಆದರೆ ಅದೇ 1913ರಲ್ಲೇ ಹೆನ್ರಿ ಫೋರ್ಡ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲು ಶುರುವಾಯಿತು.) ಹ್ಯಾರಿಸ್ ಹೇಳಿದ್ದು ಹೀಗೆ: ಒಂದು ಸಲಕ್ಕೆ ಎಷ್ಟು ಹೊಡೆಯಬೇಕು ಅನ್ನುವುದು ಎರಡು ಖರ್ಚುಗಳ ನಡುವಿನ ಎಳೆದಾಟ. ಒಂದು ಕಡೆ ಡೈ ಬದಲಿಸುವ ಖರ್ಚು. ಇನ್ನೊಂದು ಕಡೆ ಮಾಡಿದ್ದನ್ನು ಇಟ್ಟುಕೊಳ್ಳುವ ಖರ್ಚು. ಬದಲಿಸುವುದು ಕಷ್ಟವಾದಷ್ಟೂ ಲಾಟ್ (ಒಂದು ಸಲಕ್ಕೆ ಹೊಡೆಯುವ ರಾಶಿ) ದೊಡ್ಡದು.

ಮನೆಯಲ್ಲೂ ಹೀಗೇ ಅಲ್ವಾ? ಹಪ್ಪಳ ಯಾರೂ ದಿನಕ್ಕೆ ನಾಲ್ಕು ಮಾಡುವುದಿಲ್ಲ. ಹಿಟ್ಟು ಕುಟ್ಟಿ, ಅಕ್ಕಪಕ್ಕದವರನ್ನು ಸೇರಿಸಿ, ಬಿಸಿಲು ನೋಡಿ, ವರ್ಷಕ್ಕೆ ಒಮ್ಮೆ 500 ಒತ್ತುತ್ತಾರೆ. ಚಪಾತಿ ಮಾತ್ರ ಊಟದ ಹೊತ್ತಿಗೆ, ಎಷ್ಟು ಜನವೋ ಅಷ್ಟು. ಹಪ್ಪಳದ ತಯಾರಿ ದುಬಾರಿ, ಚಪಾತಿಯ ತಯಾರಿ ಅಗ್ಗ.

ಹ್ಯಾರಿಸ್ ಸೂತ್ರದಲ್ಲಿ ತಪ್ಪಿಲ್ಲ. ಆದರೆ ಡೈ ಬದಲಿಸಲು ನಾಲ್ಕು ಗಂಟೆ ಬೇಕು ಅನ್ನುವುದನ್ನು ಎಲ್ಲರೂ ದೇವರು ಬರೆದ ಹಣೆಬರಹ ಅಂದುಕೊಂಡರು. ಟೊಯೋಟಾದವರು ಅದನ್ನೇ ಕೆದಕಿದರು.

ಶಿಗಿಯೋ ಶಿಂಗೋ ಎಂಬ ಸಲಹೆಗಾರರು 1950ರಲ್ಲಿ ಹಿರೋಶಿಮಾದ ಒಂದು ಕಾರ್ಖಾನೆಯಲ್ಲಿ ಡೈ ಬದಲಿಸುವುದನ್ನು ಕೂತು ನೋಡಿದರು. ಕೆಲಸಗಾರನಿಗೆ ಒಂದು ಬೋಲ್ಟ್ ಸಿಗಲಿಲ್ಲ. ಪ್ರೆಸ್ ನಿಲ್ಲಿಸಿಕೊಂಡು ಇಡೀ ಶೆಡ್ ಸುತ್ತಿದ. ಒಂದು ಗಂಟೆಗೂ ಜಾಸ್ತಿ ಹೊತ್ತಾದ ಮೇಲೆ ಬೇರೆ ಮೆಷಿನ್‌ನ ಉದ್ದ ಬೋಲ್ಟ್ ತಂದು, ಕತ್ತರಿಸಿ, ಥ್ರೆಡ್ ಕೊರೆದು ಹಾಕಿದ. (ನಾಳೆ ಆ ಇನ್ನೊಂದು ಮೆಷಿನ್‌ನವನ ಗತಿ?) ಶಿಂಗೋಗೆ ಆಗ ಹೊಳೆಯಿತು: ಡೈ ಬದಲಿಸುವ ಕೆಲಸದಲ್ಲಿ ಎರಡು ಜಾತಿ. ಮೆಷಿನ್ ನಿಂತಾಗಲೇ ಮಾಡಬೇಕಾದದ್ದು ಒಂದು, ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದದ್ದು ಇನ್ನೊಂದು. ಬೋಲ್ಟ್ ಹುಡುಕುವುದು, ಡೈ ತರುವುದು, ಸ್ಪ್ಯಾನರ್ ಕೇಳುವುದು ಎಲ್ಲ ಎರಡನೇ ಜಾತಿ.

ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದವರಿಬ್ಬರು ಜನರನ್ನು ನಗಿಸುತ್ತಿರುತ್ತಾರೆ. ಅದೇ ಹೊತ್ತಿಗೆ ಹಿಂದೆ ಸದ್ದಿಲ್ಲದೆ ಸಿಂಹಾಸನ, ಕಂಬ, ಛತ್ರ ಬಂದು ನಿಂತಿರುತ್ತವೆ. ಪರದೆ ಮೇಲೆ ಹೋಗುತ್ತಲೇ ದರ್ಬಾರು! ಯಕ್ಷಗಾನದಲ್ಲಿ ರಂಗದ ಮೇಲೆ ಒಂದು ವೇಷ ಕುಣಿಯುವಾಗ ಚೌಕಿಯಲ್ಲಿ ಮುಂದಿನ ವೇಷಕ್ಕೆ ಕಿರೀಟ ಕಟ್ಟುತ್ತಿರುತ್ತಾರೆ. ಭಾಗವತರನ್ನು ನಿಲ್ಲಿಸಿ, ಜನರ ಎದುರು ಕೂತು ಬಣ್ಣ ಹಚ್ಚಿಕೊಳ್ಳುವುದನ್ನು ಎಲ್ಲಾದರೂ ನೋಡಿದ್ದೀರಾ? ಕಾರ್ಖಾನೆಗಳಲ್ಲಿ ಮಾತ್ರ ಅದೇ ನಡೆಯುತ್ತಿತ್ತು. ಈಗಲೂ ಬೇಕಾದಷ್ಟು ಕಡೆ ನಡೆಯುತ್ತದೆ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಬೋಲ್ಟ್‌ಗೆ 15 ಸುತ್ತು ಇದ್ದರೆ, ಅದು ಬಿಗಿಯಾಗುವುದು ಕೊನೆಯ ಸುತ್ತಿನಲ್ಲಿ. ಬಿಚ್ಚುವಾಗ ಸಡಿಲವಾಗುವುದು ಮೊದಲ ಸುತ್ತಿನಲ್ಲಿ. ನಡುವಿನ 14 ಸುತ್ತು ಸುಮ್ನೆ ಕೈನೋವು. ಹಾಗಾದರೆ ಬೋಲ್ಟ್ ಪೂರ್ತಿ ತೆಗೆಯಲೇಬೇಕೇ? ತೂತನ್ನು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಮಾಡಿದರೆ ಒಂದು ಸುತ್ತು ಸಡಿಲಿಸಿ ಪಕ್ಕಕ್ಕೆ ಜರುಗಿಸಿ ಎತ್ತಿಬಿಡಬಹುದು. ಗೋಡೆಯ ಮೊಳೆಗೆ ಕ್ಯಾಲೆಂಡರ್ ಸಿಕ್ಕಿಸಿ ತೆಗೆದಷ್ಟೇ ಸಲೀಸು. ಇಂಥ ನೂರು ಚಿಲ್ಲರೆ ಉಪಾಯ ಸೇರಿ, 1969ರಲ್ಲಿ ಟೊಯೋಟಾದ 1,000 ಟನ್ ಪ್ರೆಸ್‌ನಲ್ಲಿ ನಾಲ್ಕು ಗಂಟೆಯ ಕೆಲಸ ಮೊದಲು 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಯಿತು.

ಈಗ ಹ್ಯಾರಿಸ್ ಸೂತ್ರಕ್ಕೆ ವಾಪಸ್ ಬನ್ನಿ. ಅದರಲ್ಲಿ ಲಾಟ್‌ನ ಗಾತ್ರ ಬದಲಾವಣೆಯ ಖರ್ಚಿನ ವರ್ಗಮೂಲದಂತೆ ಏರಿಳಿಯುತ್ತದೆ. 240 ನಿಮಿಷ 3 ನಿಮಿಷವಾದರೆ ಖರ್ಚು 80ರಲ್ಲಿ ಒಂದು ಪಾಲು. 80ರ ವರ್ಗಮೂಲ ಸುಮಾರು 9. ನಮ್ಮ ಶೆಡ್ಡಿನ 20,000ವನ್ನು 9ರಿಂದ ಭಾಗಿಸಿ. 2,200 ಚಿಲ್ಲರೆ. ಗಿರಾಕಿ ಕೇಳಿದ್ದು 2,000! ಈ ಲೆಕ್ಕ ಮೊದಲ ಸಲ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲಾಟ್ ಚಿಕ್ಕದಾದರೆ ಜಾಗ ಉಳಿಯುತ್ತದೆ, ಅದು ಗೊತ್ತಿರುವುದೇ. ಗೊತ್ತಾಗದ ಲಾಭ ಹೊತ್ತಿನದು. ಜಾನ್ ಲಿಟ್ಲ್ ಎಂಬ ಅಮೆರಿಕದ ಪ್ರಾಧ್ಯಾಪಕರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಳಗೆ ಎಷ್ಟಿದೆಯೋ ಅದನ್ನು ಹೊರಬರುವ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ಸಿಗುತ್ತದೆ. ದರ್ಶಿನಿಯಲ್ಲಿ 60 ಜನ ಇದ್ದು ನಿಮಿಷಕ್ಕೆ ನಾಲ್ಕು ಜನ ಹೊರಬಿದ್ದರೆ, ಒಬ್ಬೊಬ್ಬರಿಗೆ 15 ನಿಮಿಷ. ಅಡುಗೆ ಯಾವುದು, ಭಟ್ಟರು ಯಾರು ಅನ್ನುವುದು ಈ ಲೆಕ್ಕಕ್ಕೆ ಬೇಡ. ಕಾರ್ಖಾನೆಯೊಳಗೆ 10,000 ಬಿಡಿಭಾಗ ಇದ್ದು ದಿನಕ್ಕೆ 500 ಹೊರಹೋದರೆ, ಇವತ್ತು ಆದ ತಪ್ಪು ಕೊನೆಯ ಮೇಜಿನಲ್ಲಿ ಕಣ್ಣಿಗೆ ಬೀಳುವುದು 20 ದಿನದ ಮೇಲೆ. ಅಷ್ಟರಲ್ಲಿ ಅದೇ ತಪ್ಪಿನ ಸಾವಿರಾರು ತಮ್ಮಂದಿರು ಹುಟ್ಟಿರುತ್ತಾರೆ.

ದರ್ಶಿನಿ ಅಂದೆನಲ್ಲ, ಅಲ್ಲಿನ ಟೋಕನ್ ಗಮನಿಸಿ. ಟೋಕನ್ ಕೌಂಟರಿಗೆ ಬರುವ ತನಕ ಮಸಾಲೆ ದೋಸೆ ಕಾವಲಿ ಮೇಲೆ ಬೀಳುವುದಿಲ್ಲ. ಓನೋ ಕಾರ್ಖಾನೆಯಲ್ಲಿ ಹಂಚಿದ ಕಾನ್‌ಬಾನ್ ಚೀಟಿಯ ಕೆಲಸವೂ ಇದೇ: ಮುಂದಿನವನು ಒಂದು ಡಬ್ಬಿ ಬಳಸಿದ ಮೇಲೆ ಅದರ ಚೀಟಿ ಹಿಂದಕ್ಕೆ ಬರುತ್ತದೆ. ಚೀಟಿ ಬಂದರೆ ಒಂದು ಡಬ್ಬಿ ಮಾಡು, ಬರದಿದ್ದರೆ ಸುಮ್ಮನಿರು. ಸುಮ್ಮನಿರುವುದೇ ಎಲ್ಲರಿಗೂ ಕಷ್ಟ.

ಅದೇ 1961ರಲ್ಲಿ ಜಾನ್ ಕಿಂಗ್‌ಮನ್ ಎಂಬ ಗಣಿತಜ್ಞರು ಬಿಡುವಿಲ್ಲದ ಸಾಲುಗಳ ಬಗ್ಗೆ ಬರೆದರು. ಸರಳವಾಗಿ ಹೇಳುತ್ತೇನೆ. ಕೆಲಸ ಯಾವಾಗ ಬರುತ್ತದೋ ಗೊತ್ತಿಲ್ಲ, ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿಲ್ಲ, ಇರುವುದು ಒಂದೇ ಮೆಷಿನ್ ಅಂದುಕೊಳ್ಳಿ. ಮೆಷಿನ್ 50% ಹೊತ್ತು ಓಡುತ್ತಿದ್ದರೆ, ಸರದಿಗೆ ಕಾಯುವುದು ಸರಾಸರಿ ಒಂದು ಕೆಲಸದಷ್ಟು ಹೊತ್ತು. 80% ಆದರೆ ನಾಲ್ಕು ಕೆಲಸದಷ್ಟು. 90ಕ್ಕೆ ಒಂಬತ್ತು. 95ಕ್ಕೆ ಹತ್ತೊಂಬತ್ತು! ಭಾನುವಾರ ಬೆಳಗ್ಗೆ ಕಟಿಂಗ್ ಶಾಪ್‌ಗೆ ಹೋದವರಿಗೆ ಈ ಗಣಿತ ಗೊತ್ತು. ಮೆಷಿನ್‌ಗೆ ಬಿಡುವೇ ಇಲ್ಲದಂತೆ ನೋಡಿಕೊಂಡರೆ, ಆ ಬಿಡುವಿನ ಬೆಲೆಯನ್ನು ಸರಕು ಸಾಲಿನಲ್ಲಿ ನಿಂತು ಕಟ್ಟುತ್ತದೆ.

ಹಾಗಂತ ಸ್ಟಾಕ್ ಶೂನ್ಯ ಮಾಡುವುದೇ ಲೀನ್ ಅಂದುಕೊಂಡರೆ ಪೆಟ್ಟು ತಿನ್ನುತ್ತೀರಿ. ಟೊಯೋಟಾದವರೇ ತಿಂದಿದ್ದಾರೆ. 1997ರ ಫೆಬ್ರವರಿ 1ರಂದು ಬ್ರೇಕ್‌ನ ಒಂದು ಸಣ್ಣ ವಾಲ್ವ್ ಮಾಡುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೆಚ್ಚು ಕಡಿಮೆ ಪೂರ್ತಿ ವಾಲ್ವ್ ಅಲ್ಲಿಂದಲೇ ಬರುತ್ತಿತ್ತು. ಜಪಾನಿನ ಟೊಯೋಟಾ ಸಾಲುಗಳು ಬಹುತೇಕ ನಿಂತವು. ಹೊಲಿಗೆ ಯಂತ್ರದ ಬ್ರದರ್ ಕಂಪನಿ ಕೂಡ ವಾಲ್ವ್ ಮಾಡಿಕೊಟ್ಟು, ಸುಮಾರು ಒಂದು ವಾರದಲ್ಲಿ ಚಕ್ರ ಮತ್ತೆ ತಿರುಗಿತು. 2011ರ ಭೂಕಂಪದ ನಂತರ ಅವರು ಚಿಪ್‌ಗಳಂಥ ಕೆಲವು ಭಾಗಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿದರು. ಇದು ಲೀನ್ ಬಿಟ್ಟುಕೊಟ್ಟಂತೆ ಅಲ್ಲ. ಡೈ ಬದಲಿಸಲು ಬಾರದೆ ಇಟ್ಟ ಸ್ಟಾಕೇ ಬೇರೆ, ಭೂಕಂಪಕ್ಕೆ ಹೆದರಿ ಇಟ್ಟ ಸ್ಟಾಕೇ ಬೇರೆ.

ಇನ್ನು ಪರಿಸರದ ಮಾತು. ಒಂದು ಟನ್ ಉಕ್ಕು ತಯಾರಾಗುವಾಗ ಜಗತ್ತಿನ ಸರಾಸರಿಯಲ್ಲಿ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿಗೆ ಹೋದ ಕ್ಲಾಂಪ್ ಮತ್ತೆ ಕರಗಿ ಉಕ್ಕಾಗಬಹುದು, ಹೋದ ಕಲ್ಲಿದ್ದಲು ಬರುವುದಿಲ್ಲ. ಹಾಗಾಗಿ ಲೀನ್ ತಾನಾಗಿಯೇ ಹಸಿರು ಅನ್ನುತ್ತಾರೆ. ಅರ್ಧ ನಿಜ. ಲಾಟ್ ಚಿಕ್ಕದಾಗಿ ಲಾರಿ ದಿನಕ್ಕೆ ಒಂದರ ಬದಲು ಆರು ಸಲ ಅರ್ಧ ಖಾಲಿ ಓಡಿದರೆ, ಉಳಿಸಿದ್ದು ಡೀಸೆಲ್ ಹೊಗೆಯಲ್ಲಿ ಹೋಯಿತು. ಇನ್ನೂ ದೊಡ್ಡ ತೊಡಕನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ಹೇಳಿದ್ದರು: ಉಗಿ ಯಂತ್ರ ಕಲ್ಲಿದ್ದಲು ಉಳಿಸಲು ಕಲಿತ ಮೇಲೆ ದೇಶದಲ್ಲಿ ಕಲ್ಲಿದ್ದಲು ಜಾಸ್ತಿ ಖರ್ಚಾಯಿತು. ಅಗ್ಗವಾಯಿತು, ಎಲ್ಲರೂ ಕೊಂಡರು. ದಂಡವಿಲ್ಲದೆ ಮಾಡಿದ ಬೇಡದ ವಸ್ತು ಕೂಡ ದಂಡವೇ ಅಲ್ವಾ? ಇದಕ್ಕೆ ಪ್ರೆಸ್ ಶಾಪ್‌ನೊಳಗೆ ಉತ್ತರವಿಲ್ಲ. ದುಡ್ಡು ಯಾವುದಕ್ಕೆ ಸಿಗುತ್ತದೆ ಅನ್ನುವುದನ್ನೇ ಬದಲಿಸಬೇಕು.

1962ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಎಂಬ ವಿಮಾನ ಎಂಜಿನ್ ಕಂಪನಿ ಅದನ್ನು ಮಾಡಿತು. ರಿಪೇರಿಗೆ ಬಿಲ್ ಹಾಕುವ ಬದಲು ಹಾರಿದ ಗಂಟೆಗೆ ಇಷ್ಟು ಅಂತ ವಸೂಲಿ. ಅಲ್ಲಿಯವರೆಗೆ ಎಂಜಿನ್ ಕೆಟ್ಟರೆ ಬಿಡಿಭಾಗ ಮಾರಿ ಕಂಪನಿಗೆ ಲಾಭ. ಅಂದಿನಿಂದ ಕೆಟ್ಟರೆ ಕಂಪನಿಗೇ ನಷ್ಟ. ಮುಂದೆ ರೋಲ್ಸ್ ರಾಯ್ಸ್ ಇದನ್ನು ಬೆಳೆಸಿತು. ನಮ್ಮ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳೂ ಇದೇ ದಾರಿಯವು. ಕಂಡಕ್ಟರ್ ಬಿಎಂಟಿಸಿಯವರು, ಬಸ್ಸು ಮತ್ತು ಡ್ರೈವರ್ ಕಂಪನಿಯವರು, ದುಡ್ಡು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಬ್ಯಾಟರಿ ಬೇಗ ಸತ್ತರೆ ತಲೆನೋವು ಬಸ್ಸಿನವರದು. ಆದರೆ ಕಿಲೋಮೀಟರಿಗೆ ದುಡ್ಡು ಅಂದ ಮೇಲೆ ಖಾಲಿ ಓಡಿದರೂ ದುಡ್ಡೇ, ಅದನ್ನು ಕಾಯುವ ಕೆಲಸ ಬಿಎಂಟಿಸಿಯದು.

ಹೋದ ವರ್ಷ ಆ ಹಳೆಯ ಪ್ರೆಸ್ ಶಾಪ್‌ಗೆ ಹೋಗಿದ್ದೆ. ಸೂಪರ್‌ವೈಸರ್ ನಿವೃತ್ತರಾಗಿದ್ದಾರೆ. ಅವರ ಜಾಗದಲ್ಲಿರುವ ಹುಡುಗ ಪ್ರೆಸ್ ಪಕ್ಕದಲ್ಲೇ ಒಂದು ಹಲಗೆ ಹೊಡೆದು ಸ್ಪ್ಯಾನರ್‌ಗಳನ್ನು ತೂಗುಹಾಕಿದ್ದ. ಮುಂದಿನ ಡೈ ಟ್ರಾಲಿ ಮೇಲೆ ಬಂದು ಕಾಯುತ್ತಿತ್ತು. ಸೆಟ್ಟಿಂಗ್ ಎಷ್ಟು ಹೊತ್ತು ಅಂತ ಕೇಳಿದೆ.

"40 ನಿಮಿಷ ಸಾರ್," ಅಂದ. ಆಮೇಲೆ ಸ್ವಲ್ಪ ನಾಚಿಕೊಂಡು, "ಬೋಲ್ಟ್ ಇನ್ನೂ ಉದ್ದ ಇದೆ."