ಗಾಯಕರ ಒಪ್ಪಿಗೆ ಸಾಲದು

ಮೈಸೂರಿನಿಂದ ನಾಲ್ವರು ಹುಡುಗರು ಬಂದಿದ್ದರು. ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ಹಳೆಯ ಕನ್ನಡ ಚಿತ್ರಗೀತೆಗಳನ್ನು ತಮ್ಮ ಶೈಲಿಯಲ್ಲಿ ನುಡಿಸಿ ಆಲ್ಬಂ ತರುವ ಆಸೆ. ಆರು ಹಾಡುಗಳ ರೆಕಾರ್ಡಿಂಗ್ ಮುಗಿದೇ ಹೋಗಿತ್ತು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಷ್ಟು ವಿವರ ಬದಲಿಸಿದ್ದೇನೆ.) 'ಪರ್ಮಿಶನ್ ಇದೆ ಸರ್' ಎಂದು ಒಬ್ಬ ಫೋನ್ ಮುಂದಿಟ್ಟ. ಹಿರಿಯ ಗಾಯಕರೊಬ್ಬರ ವಾಟ್ಸ್‌ಆ್ಯಪ್ ಸಂದೇಶ: 'ಹಾಡಿ ಮಕ್ಕಳೇ, ಒಳ್ಳೇದಾಗಲಿ.' ಓದಿ ನನಗೂ ಸಂತೋಷವಾಯಿತು. ಆದರೆ ಅವರ ಕೈಯಲ್ಲಿ ಇಲ್ಲದ್ದನ್ನು ಈ ಹುಡುಗರು ಅವರಲ್ಲಿ ಕೇಳಿದ್ದರು.

ಹಕ್ಕುಸ್ವಾಮ್ಯದ ವಕಾಲತ್ತಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದು, ಮತ್ತೆ ಹೇಳುತ್ತೇನೆ. ಹಾಡು ಬೇರೆ ಆಸ್ತಿ, ಅದರ ರೆಕಾರ್ಡಿಂಗ್ ಬೇರೆ ಆಸ್ತಿ. ಸಾಹಿತ್ಯ ಮತ್ತು ಸಂಗೀತ ಸಂಯೋಜನೆಯ ಒಡೆತನ ಒಂದು ಕಡೆ. ಅದನ್ನು ಸ್ಟುಡಿಯೋದಲ್ಲಿ ಹಾಡಿಸಿ ಮುದ್ರಿಸಿಕೊಂಡ ಧ್ವನಿಯ ಒಡೆತನ ಇನ್ನೊಂದು ಕಡೆ. ಗಾಯಕರಿಗೆ ತಾವು ಹಾಡಿದ ಗಾಯನದ ಮೇಲೆ ಹಕ್ಕಿದೆ, ರಚನೆಯ ಮೇಲಿಲ್ಲ. ನೀವೇ ಹಾಡಿ, ನೀವೇ ನುಡಿಸಿದಾಗ ಹಳೆಯ ರೆಕಾರ್ಡಿಂಗನ್ನು ಮುಟ್ಟಿಲ್ಲ, ನಿಜ. ರಚನೆಯನ್ನಂತೂ ಪೂರ್ತಿ ಬಳಸಿಕೊಂಡಿದ್ದೀರಿ. ಅದಕ್ಕೆ ರಚನೆಯ ಒಡೆಯರ ಅನುಮತಿಯೇ ಬೇಕು.

ಹುಡುಗರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಒಬ್ಬನ ಟೀ ಶರ್ಟ್ ಮೇಲೆ ರಶ್ ತಂಡದ ಹೆಸರಿತ್ತು. ಸರಿ, ಅಲ್ಲಿಂದಲೇ ಶುರು ಮಾಡಿದೆ. ಕೆನಡಾದ ಈ ಪ್ರೋಗ್ರೆಸಿವ್ ರಾಕ್ ತಂಡ, ತನ್ನ ಮೊದಲ ಆಲ್ಬಂ ಬಂದು 30 ವರ್ಷ ತುಂಬಿದ 2004ರಲ್ಲಿ, 'ಫೀಡ್‌ಬ್ಯಾಕ್' ಹೊರತಂದಿತು. ಒಂದೇ ರಚನೆಯನ್ನು ಇಪ್ಪತ್ತು ನಿಮಿಷ ಬೆಳೆಸಬಲ್ಲವರು, ತಮ್ಮ ಹರೆಯದ ದಿನಗಳಲ್ಲಿ ಬೇರೆಯವರು ಹಾಡಿದ್ದ ಎಂಟು ಹಾಡುಗಳನ್ನು 27 ನಿಮಿಷದಲ್ಲಿ, ಯಾವ ಕಸರತ್ತೂ ಇಲ್ಲದೆ ನುಡಿಸಿದ್ದಾರೆ. ಮೂವರೂ ಮತ್ತೆ ಹುಡುಗರಾದಂತೆ ಕೇಳಿಸುತ್ತದೆ. ನನಗೆ ಬಹಳ ಇಷ್ಟದ ಆಲ್ಬಂ ಅದು.

ಅದರಲ್ಲಿರುವ 'ಹಾರ್ಟ್ ಫುಲ್ ಆಫ್ ಸೋಲ್' ಯಾರ ಹಾಡು ಎಂದು ಕೇಳಿದೆ. 'ಯಾರ್ಡ್‌ಬರ್ಡ್ಸ್' ಅಂದರು. 1965ರಲ್ಲಿ ಹಾಡಿದವರು ಅವರು, ಬರೆದವರು ಗ್ರಹಾಂ ಗೌಲ್ಡ್‌ಮನ್. ಅದೇ ಯಾರ್ಡ್‌ಬರ್ಡ್ಸ್‌ನ 'ಶೇಪ್ಸ್ ಆಫ್ ಥಿಂಗ್ಸ್' ಆ ತಂಡದ ಸದಸ್ಯರೇ ಕಟ್ಟಿದ್ದು. ಬಫಲೋ ಸ್ಪ್ರಿಂಗ್‌ಫೀಲ್ಡ್ ತಂಡದ ಎರಡು ಹಾಡುಗಳಿವೆ. ಒಂದು ಸ್ಟೀಫನ್ ಸ್ಟಿಲ್ಸ್‌ದು, ಇನ್ನೊಂದು ನೀಲ್ ಯಂಗ್‌ದು. 'ಕ್ರಾಸ್‌ರೋಡ್ಸ್' ಎಂದೊಡನೆ ರಾಕ್ ಕೇಳುವವರಿಗೆ ಕ್ರೀಮ್ ತಂಡ 1968ರಲ್ಲಿ ನುಡಿಸಿದ್ದು ನೆನಪಾಗುತ್ತದೆ. ಅದರ ಬೇರು ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿ ಮುದ್ರಿಸಿದ ಬ್ಲೂಸ್‌ನಲ್ಲಿದೆ. ಯಾರ ಕಂಠದಲ್ಲಿ ಕೇಳಿದೆವೋ ಅವರದೇ ಹಾಡು ಎಂದುಕೊಂಡು ಹೊರಟಿದ್ದರೆ ಎಷ್ಟು ತಪ್ಪು ಬಾಗಿಲು ತಟ್ಟಬೇಕಿತ್ತು, ನೋಡಿ.

ನಮ್ಮ ಚಿತ್ರಗೀತೆಗಳಲ್ಲಿ ಹುಡುಕಾಟ ಇನ್ನೂ ಕಷ್ಟ. ನಿರ್ಮಾಪಕರಿಂದ ಆಡಿಯೊ ಕಂಪನಿಗೆ, ಅಲ್ಲಿಂದ ಮತ್ತೊಂದಕ್ಕೆ ಹಕ್ಕು ಕೈ ಬದಲಿಸಿರಬಹುದು. ಹಳೆಯ ಕರಾರು ಪತ್ರ ನೋಡದೆ ಇಂಥವರದೇ ಎಂದು ನಾನು ಹೇಳಲಾರೆ.

'ಒಡೆಯರು ಒಪ್ಪದಿದ್ದರೆ 31ಸಿ ಇದೆಯಲ್ಲ ಸರ್?' ಎಂದ ಡ್ರಮ್ಮರ್. ಓದಿಕೊಂಡು ಬಂದಿದ್ದ, ಮೆಚ್ಚಿದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ ಕಲಂ ಅದು. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ 5 ವರ್ಷ ಕಳೆದಿದ್ದರೆ, ಮುಂಚಿತವಾಗಿ ನೋಟಿಸ್ ಕೊಟ್ಟು, ರಾಯಲ್ಟಿ ಮುಂಗಡ ಕಟ್ಟಿ ಕವರ್, ಅಂದರೆ ಅದೇ ಹಾಡಿನ ಹೊಸ ರೆಕಾರ್ಡಿಂಗ್, ಮಾಡಬಹುದು. ಆ ರಾಯಲ್ಟಿ ಹಾಡೊಂದಕ್ಕೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ದುಡ್ಡು ಹೊಂದಿಸಿದರೂ ಇನ್ನೊಂದು ಷರತ್ತಿದೆ: ತಾಂತ್ರಿಕವಾಗಿ ಅಗತ್ಯವಲ್ಲದ ಬದಲಾವಣೆ ಮಾಡುವಂತಿಲ್ಲ. ಇವರೋ ನಾಲ್ಕರ ನಡೆಯ ಹಾಡನ್ನು ಏಳರ ತಾಳಕ್ಕೆ ತಿರುಗಿಸಿ, ನಡುವೆ ಮೂರು ನಿಮಿಷ ಕೀಬೋರ್ಡ್ ಸೋಲೊ ಸೇರಿಸಿದ್ದರು. ಮೂಲ ಧಾಟಿಯನ್ನೂ ಹಾಡಿನ ಸ್ವರೂಪವನ್ನೂ ಕೆಡಿಸದೆ ತಮ್ಮ ಶೈಲಿಗೆ ಒಗ್ಗಿಸಿಕೊಳ್ಳಲು ಅಮೆರಿಕದ ಕಾನೂನು ಬಿಡುತ್ತದೆ. ನಮ್ಮದು ಅಷ್ಟು ಧಾರಾಳವಲ್ಲ. ಜೊತೆಗೆ ಈ ಕಲಂ ಧ್ವನಿಮುದ್ರಣಕ್ಕೆ ಮಾತ್ರ, ವಿಡಿಯೊ ಮಾಡಿದರೆ ಆ ಮಾತೇ ಬೇರೆ. ಇಂಥ ಆಲ್ಬಂಗೆ ಒಡೆಯರಿಂದ ನೇರವಾಗಿ ಲಿಖಿತ ಲೈಸೆನ್ಸ್ ಪಡೆಯುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ. ನಿಮ್ಮ ಪ್ರಕರಣಕ್ಕೆ ನಿಮ್ಮ ವಕೀಲರನ್ನು ಕೇಳಿ. ಕೆಳಗೆ ಕ್ರೆಡಿಟ್ ಹಾಕಿದ್ದೇವೆ, ದುಡ್ಡು ಮಾಡುತ್ತಿಲ್ಲ ಎಂಬ ಸಮಜಾಯಿಷಿಯನ್ನು ಮಾತ್ರ ದಯವಿಟ್ಟು ನನ್ನ ಮುಂದೆ ತರಬೇಡಿ. ಅವೆರಡರಿಂದ ಅನುಮತಿ ಸಿಕ್ಕಂತಾಗುವುದಿಲ್ಲ.

ಕೊನೆಗೆ ಹಾಡುಗಳನ್ನು ಕೇಳಿಸಿ ಎಂದೆ. ಚೆನ್ನಾಗಿದ್ದವು, ತುಂಬ ಚೆನ್ನಾಗಿದ್ದವು. ಆರನೆಯದರಲ್ಲಿ ಕೊಳಲು ಬಂತು. ಯಾರು ನುಡಿಸಿದ್ದು ಎಂದರೆ ಯಾರೂ ಮಾತಾಡಲಿಲ್ಲ. ಹಳೆಯ ರೆಕಾರ್ಡಿನಿಂದಲೇ ಕತ್ತರಿಸಿ ಅಂಟಿಸಿದ್ದರು. ಅಲ್ಲಿಗೆ ಎರಡನೆಯ ಆಸ್ತಿಗೂ ಕೈ ಹಾಕಿದಂತಾಯಿತು.

ಎರಡು ಆಡಿಯೊ ಕಂಪನಿಗಳಿಗೆ ಪತ್ರ ಬರೆದಿದ್ದೇನೆ. ಒಬ್ಬರು, ಮೊದಲು ಹಾಡು ಕೇಳಿಸಿ ಎಂದು ಉತ್ತರಿಸಿದ್ದಾರೆ. ಹುಡುಗರು ಕೊಳಲು ನುಡಿಸುವವರನ್ನು ಹುಡುಕುತ್ತಿದ್ದಾರೆ.