ಸಾಹೇಬರ ಕೈಗೇ ಸೇರಬೇಕು ಸಾರ್

ಹೋದ ತಿಂಗಳು ಸಕಲೇಶಪುರದ ಕಡೆಯ ಒಬ್ಬ ಕಾಫಿ ಬೆಳೆಗಾರರು ನನ್ನನ್ನು ಹುಡುಕಿಕೊಂಡು ಹಾಸನಕ್ಕೆ ಬಂದರು. ಕಂಕುಳಲ್ಲಿ ತಮ್ಮ ಶಾಸಕರಿಗೆ ಕೊಡಲು ತಂದ ಒಂದು ಪುಸ್ತಕ. ಆನೆಗಳ ಬಗ್ಗೆ. ನಾನೂರು ಪುಟಕ್ಕೆ ಕಡಿಮೆ ಇರಲಿಲ್ಲ. ಮೊದಲ ಪುಟದಲ್ಲಿ ‘ಮಾನ್ಯರಿಗೆ, ಬಹಳ ಭರವಸೆಯಿಂದ’ ಎಂದು ಬರೆದು ಸಹಿ ಹಾಕಿ, ಮೇಲೆ ಮದುವೆ ಉಡುಗೊರೆಯ ಹಾಗೆ ಬಣ್ಣದ ಕಾಗದ ಸುತ್ತಿದ್ದರು.

“ಇದು ಸಾಹೇಬರ ಕೈಗೇ ಸೇರಬೇಕು ಸಾರ್. ಒಂದ್ಸಲ ಓದಿಬಿಟ್ಟರೆ ಸಾಕು, ಅವರ ಮನಸ್ಸೇ ಬದಲಾಗುತ್ತೆ.”

ನಾನು ಇಪ್ಪತ್ತೆರಡು ವರ್ಷ ಶಾಸಕರ ಆಪ್ತ ಸಹಾಯಕನಾಗಿದ್ದವನು. ಮೂರು ಜನ ಶಾಸಕರು, ಎರಡು ಪಕ್ಷ. 2023ರ ಚುನಾವಣೆ ಆದ ಮೇಲೆ ಮನೆಗೆ ಬಂದೆ. ಈಗ ಸಂಘದವರಿಗೆ, ಬೆಳೆಗಾರರಿಗೆ, ಮೇಷ್ಟ್ರುಗಳಿಗೆ ಮನವಿ ಬರೆದುಕೊಡುತ್ತೇನೆ. ‘ಓದಿಬಿಟ್ಟರೆ ಸಾಕು’ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರೆಲ್ಲ ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾದರೆ ಗದರಿಸಿ ಕಳಿಸಬಹುದು.

ಮೊದಲೆಲ್ಲ ಹಾರ, ಶಾಲು, ಹಣ್ಣಿನ ಬುಟ್ಟಿ ಬರುತ್ತಿದ್ದವು. 2017ರಲ್ಲಿ ಪ್ರಧಾನಿ ಮೋದಿಯವರು ಕೊಚ್ಚಿಯಲ್ಲಿ ಹೂಗುಚ್ಛದ ಬದಲು ಪುಸ್ತಕ ಕೊಡಿ ಅಂದರು. 2021ರ ಆಗಸ್ಟ್‌ನಲ್ಲಿ ಬೊಮ್ಮಾಯಿಯವರ ಸರ್ಕಾರ ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂದಿತು. 2023ರಲ್ಲಿ ಸಿದ್ದರಾಮಯ್ಯನವರೂ ಮುಖ್ಯಮಂತ್ರಿಯಾದ ಹೊಸದರಲ್ಲೇ ಅದನ್ನೇ ಹೇಳಿದರು. ಒಳ್ಳೆಯ ಮಾತೇ. ಹಾರ ಸಂಜೆಗೆ ಬಾಡುತ್ತದೆ. ಆದರೆ ಶಾಲಿಗೆ ಒಂದು ದಾರಿ ಇತ್ತು. ವಾಚ್‌ಮನ್‌ಗೋ ಡ್ರೈವರ್ ತಾಯಿಗೋ ಹೋಗುತ್ತಿತ್ತು. ಪುಸ್ತಕಕ್ಕೆ ದಾರಿ ಇರಲಿಲ್ಲ. ಒಂದು ಹುಟ್ಟುಹಬ್ಬಕ್ಕೆ ಒಂದೇ ಜೀವನಚರಿತ್ರೆಯ ಹನ್ನೊಂದು ಪ್ರತಿ ಬಂದವು. ಎರಡು ಬೀರು ತುಂಬಿದವು. ಆಮೇಲೆ ಮಂಚದ ಕೆಳಗೆ ಇಟ್ಟೆವು. ಕೊನೆಗೆ ಸಾಹೇಬರನ್ನು ಕೇಳಿ, ಓಮ್ನಿಗೆ ತುಂಬಿಸಿ, ಒಂದು ಗ್ರಾಮ ಪಂಚಾಯ್ತಿ ಲೈಬ್ರರಿಗೆ ಕೊಟ್ಟು ಬಂದೆ. ಈಗ ಅದಕ್ಕೆ ‘ಅರಿವು ಕೇಂದ್ರ’ ಅನ್ನುತ್ತಾರೆ. ಪುಸ್ತಕ ಕೊಟ್ಟಿದ್ದ ಒಬ್ಬ ಮೇಷ್ಟ್ರು ಅಲ್ಲಿ ತಮ್ಮ ಸಹಿಯನ್ನೇ ಕಂಡು, ನನಗೆ ಫೋನ್ ಮಾಡಿ ಅರ್ಧ ಗಂಟೆ ಬೈದರು. ಬೈಸಿಕೊಂಡೆ. ತಪ್ಪು ನನ್ನದೇ. ಸಹಿ ಇದ್ದ ಹಾಳೆ ನೋಡಬೇಕಿತ್ತು.

ವಿಷಯಕ್ಕೆ ಬರುತ್ತೇನೆ. ಪುಸ್ತಕ ಕೊಟ್ಟದ್ದು ಬೇರೆ. ಅವರು ಓದಿದ್ದು ಬೇರೆ. ಓದಿ ಮನಸ್ಸು ಬದಲಾದದ್ದು ಬೇರೆ. ಮನಸ್ಸು ಬದಲಾಗಿ ತೀರ್ಮಾನ ಬದಲಾದದ್ದು ಬೇರೆ. ಜನ ಈ ನಾಲ್ಕನ್ನೂ ಒಂದೇ ಅಂದುಕೊಂಡು ಪುಸ್ತಕದಂಗಡಿಗೆ ಹೋಗುತ್ತಾರೆ. ಮೊದಲನೆಯದು ಸುಲಭ. ಎರಡನೆಯದು ಅಪರೂಪ. ಮೂರನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯದಕ್ಕೂ ಪುಸ್ತಕಕ್ಕೂ ಸಂಬಂಧ ಬಹಳ ಕಡಿಮೆ.

ಕಂಡದ್ದು ಹೇಗೆ ಅಂದರೆ, ಒಂದು ಮಳೆಗಾಲ ಧರ್ಮಸ್ಥಳಕ್ಕೆ ಹೊರಟಿದ್ದೆವು. ಮಾರನಹಳ್ಳಿ ದಾಟಿದ ಮೇಲೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಾಡಿಗಳು ಸಾಲಾಗಿ ನಿಂತವು. ಅಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಫೋನ್ ಇಲ್ಲದ ಶಾಸಕರನ್ನು ನೀವು ನೋಡಿಲ್ಲ. ಐದು ನಿಮಿಷ ಕಿಟಕಿ ಇಳಿಸಿದರು, ಏರಿಸಿದರು. ಆಮೇಲೆ, “ಏನಾದ್ರೂ ಇದ್ರೆ ಕೊಡಯ್ಯ, ಓದೋಣ” ಅಂದರು. ಹಿಂದಿನ ಸೀಟಿನಲ್ಲಿ ಯಾರೋ ಕೊಟ್ಟ ಪುಸ್ತಕ ಬಿದ್ದಿತ್ತು. ಹಳ್ಳಿಯ ಗೋಮಾಳ, ಗುಂಡುತೋಪು, ಕೆರೆ ಅಂಗಳ ಹೇಗೆ ಕೈಬಿಟ್ಟು ಹೋದವು ಅನ್ನುವುದರ ಬಗ್ಗೆ. ಎರಡೂವರೆ ಗಂಟೆ ಓದಿದರು. ನಡುನಡುವೆ ನನಗೆ ಓದಿ ಹೇಳಿದರು. ಅವರ ಅಜ್ಜನ ಕಾಲದ ತೋಪಿನಲ್ಲಿ ಮಾವಿನಕಾಯಿ ಕದ್ದ ಕತೆ ಬಂತು. “ಎಷ್ಟು ಚೆನ್ನಾಗಿ ಬರ್ದಿದಾನಯ್ಯ, ನಾವೇ ಎಲ್ಲಾ ಹಾಳು ಮಾಡ್ಬಿಟ್ವಿ” ಅಂದರು. ಕಣ್ಣು ಒದ್ದೆಯಾಗಿತ್ತು. ನಾಟಕವಲ್ಲ. ಅಲ್ಲಿದ್ದದ್ದು ನಾನು, ಡ್ರೈವರ್, ಗನ್‌ಮ್ಯಾನ್ ಮಾತ್ರ.

ಮಾರನೇ ದಿನ ವಾಪಸ್ ಬಂದು ಐಬಿಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರದಲ್ಲಿ, ಕೂತರು. ಒಂದು ಹಳ್ಳಿಯವರು ಬಂದರು. ಗುಂಡುತೋಪಿನಲ್ಲಿ ಸಮುದಾಯ ಭವನ ಕಟ್ಟಲು ಶಿಫಾರಸು ಪತ್ರ ಬೇಕಿತ್ತು. ಸಾಹೇಬರು ಸಹಿ ಹಾಕಿಕೊಟ್ಟರು. ನಾನು ಅವರ ಮುಖ ನೋಡಿದೆ.

“ಯಾಕಯ್ಯ ಹಂಗೆ ನೋಡ್ತೀಯ? ಪುಸ್ತಕ ಬರೆದವನು ನಮ್ಮೂರಲ್ಲಿ ಓಟು ಹಾಕಲ್ಲ. ಇಲ್ಲಿ ಅರವತ್ತು ಜನ ಬಂದು ನಿಂತವ್ರೆ. ತೋಪು ಬೇಕು ಅನ್ನೋರು ಒಬ್ಬರಾದ್ರೂ ಬಂದ್ರಾ?”

ಬಂದಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ, ಇವತ್ತಿಗೂ ಪೂರ್ತಿ ಹೊಳೆದಿಲ್ಲ. ಎರಡು ತಿಂಗಳ ಮೇಲೆ ಅಲ್ಲಿ ದನ ಕಟ್ಟುವ ಏಳೆಂಟು ಹೆಂಗಸರು ಸರ್ವೆ ನಂಬರು ಬರೆದ ಅರ್ಧ ಹಾಳೆ ಹಿಡಿದು ಬಂದರು. ಆಗ ಸಾಹೇಬರೇ ತಹಶೀಲ್ದಾರರಿಗೆ ಫೋನ್ ಮಾಡಿದರು. ಭವನ ತೋಪಿನ ಒಂದು ಮೂಲೆಗೆ ಸರಿಯಿತು. ನಾಲ್ಕು ಮರ ಹೋದವು, ಉಳಿದವು ಇವೆ.

ನಿಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ ಅಂದುಕೊಂಡು ನೀವು ಪುಸ್ತಕ ಕಳಿಸುತ್ತೀರಿ. ಗೊತ್ತಿರುತ್ತದೆ ಸ್ವಾಮಿ. ಬಹಳ ಸಲ ನಿಮಗಿಂತ ಜಾಸ್ತಿಯೇ ಗೊತ್ತಿರುತ್ತದೆ. ಗೊತ್ತಿದ್ದೂ ಅವರು ತೂಗುತ್ತಿರುತ್ತಾರೆ. ಈ ಕಡೆ ಯಾರು, ಆ ಕಡೆ ಯಾರು, ಯಾವಾಗ ಚುನಾವಣೆ, ಕೆಲಸ ತಮ್ಮ ಕೈಯಲ್ಲಿದೆಯೋ ಮೇಲಿನವರ ಕೈಯಲ್ಲಿದೆಯೋ. ಆ ತಕ್ಕಡಿಯಲ್ಲಿ ಪುಸ್ತಕಕ್ಕೆ ತೂಕ ಇಲ್ಲ ಅಂತಲ್ಲ. ಅದು ಒಂಟಿಯಾಗಿ ಬಂದು ಕೂತರೆ ಮುಳ್ಳು ಅಲುಗುವುದಿಲ್ಲ.

ಕೆನಡಾದ ಕಾದಂಬರಿಕಾರ ಯಾನ್ ಮಾರ್ಟೆಲ್ ಕತೆ ಗೊತ್ತಿರಬಹುದು. 2007ರಿಂದ 2011ರವರೆಗೆ ಎರಡು ವಾರಕ್ಕೊಂದರಂತೆ ಅವರು ತಮ್ಮ ಪ್ರಧಾನಿ ಸ್ಟೀಫನ್ ಹಾರ್ಪರ್‌ಗೆ ಪುಸ್ತಕ ಕಳಿಸಿದರು. ಪ್ರತಿ ಪುಸ್ತಕಕ್ಕೂ ಒಂದು ಪತ್ರ. ಹೆಚ್ಚು ಕಡಿಮೆ ನೂರು ಪುಸ್ತಕ. ಕಚೇರಿಯ ಸಿಬ್ಬಂದಿಯಿಂದ ‘ತಲುಪಿದೆ, ಧನ್ಯವಾದ’ ಅನ್ನುವಂಥ ಕೆಲವು ಉತ್ತರ ಬಂದವು. ಪ್ರಧಾನಿಯಿಂದ ಒಂದೂ ಬರಲಿಲ್ಲ. ಆ 2011ರಲ್ಲೇ ಹಾರ್ಪರ್ ಪೂರ್ಣ ಬಹುಮತದಿಂದ ಗೆದ್ದರು. ಓದುಗರು ಮಾರ್ಟೆಲ್‌ಗಾಗಿ ಮರುಗುತ್ತಾರೆ. ನನಗೆ ಮರುಕ ಆ ಉತ್ತರ ಬರೆದವನ ಮೇಲೆ. ಅವನು ನನ್ನ ಅಣ್ಣತಮ್ಮನ ಹಾಗೆ. ಅದೇ ಮಾರ್ಟೆಲ್‌ಗೆ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ತಾವಾಗಿಯೇ ಕೈಬರಹದ ಚೀಟಿ ಕಳಿಸಿದ್ದರು. ಮಗಳ ಜೊತೆ ಕೂತು ಅವರ ಕಾದಂಬರಿ ಓದಿ ಮುಗಿಸಿದ್ದಕ್ಕೆ.

ತಾವಾಗಿ ಓದುವ ರಾಜಕಾರಣಿಗಳು ನಮ್ಮಲ್ಲೂ ಇದ್ದರು. ಗೇಣಿದಾರರ ಪರ ಹೋರಾಡಿದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರಿಗೆ ಸಾಹಿತಿಗಳೇ ಗೆಳೆಯರು. ಆದರೂ ನೋಡಿ. ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹಿಡಿದು ಹೊಲಕ್ಕೆ ಇಳಿದದ್ದು 1951ರಲ್ಲಿ. ಗೇಣಿ ಪದ್ಧತಿ ತೆಗೆದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು.

ಸುಮ್ನೆ ಅನುಭವದ ಮೇಲೆ ಮಾತಾಡುತ್ತಿದ್ದೇನೆ ಅನ್ನಬೇಡಿ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 2008ರಲ್ಲಿ ಇಬ್ಬರು ಸಂಶೋಧಕರು ಇಂಥದ್ದನ್ನೇ ಪರೀಕ್ಷೆ ಮಾಡಿದರು. ಸರ್ಕಾರದ ಖರ್ಚಿನ ಪ್ರಸ್ತಾವ ಬೇಕೋ ಬೇಡವೋ ಎಂದು ಸಾವಿರಾರು ಮತದಾರರನ್ನು ಕೇಳಿದರು. ಆಮೇಲೆ ಲಾಟರಿ ಎತ್ತಿದ ಹಾಗೆ ಅರ್ಧ ಶಾಸಕರಿಗೆ ಮಾತ್ರ ಅವರವರ ಕ್ಷೇತ್ರದ ಉತ್ತರ ತಲುಪಿಸಿದರು. ಉತ್ತರ ಸಿಕ್ಕವರು ಸದನದಲ್ಲಿ ತಮ್ಮ ಜನರ ಮಾತಿಗೆ ಇನ್ನಷ್ಟು ಹತ್ತಿರವಾಗಿ ಮತ ಹಾಕಿದರು. ನಮ್ಮ ಸಾಹೇಬರ ಅರವತ್ತು ಜನರ ಲೆಕ್ಕವೇ ಅಲ್ವಾ ಇದು?

ಇದಕ್ಕೆ ಎದುರು ಉದಾಹರಣೆಯೂ ಇದೆ, ಅದನ್ನು ಮುಚ್ಚಿಡಬಾರದು. ಬ್ರೆಜಿಲ್‌ನಲ್ಲಿ 2,150 ಪುರಸಭೆಗಳಲ್ಲಿ ನಡೆದ ಅಧ್ಯಯನ. ತೆರಿಗೆ ಕಟ್ಟುವಂತೆ ನೆನಪಿಸುವ ಪತ್ರ ಕಳಿಸಿದರೆ ವಸೂಲಿ ಸುಧಾರಿಸುತ್ತದೆ ಎಂದು ಸಂಶೋಧನೆಯಲ್ಲಿ ಕಂಡಿರುವುದನ್ನು ಮೇಯರ್‌ಗಳಿಗೆ ಕೂರಿಸಿ ಹೇಳಿದರು. ಹಾಗೆ ಹೇಳಿಸಿಕೊಂಡ ಕಡೆ ಆ ಪದ್ಧತಿ ತರುವ ಸಾಧ್ಯತೆ 10 ಶೇಕಡಾಂಶ ಜಾಸ್ತಿಯಾಯಿತು. ಅಂದರೆ ತಿಳಿಸಿ ಹೇಳಿದರೆ ಕೇಳುವವರು ಇದ್ದಾರೆ. ಆದರೆ ಗಮನಿಸಿ. ಕೆಲಸ ಚಿಕ್ಕದು, ಖರ್ಚು ಕಡಿಮೆ, ಮೇಯರ್ ಕೈಯಲ್ಲೇ ಇರುವಂಥದ್ದು, ಬೇಡ ಅಂತ ಗಲಾಟೆ ಮಾಡುವವರಿಲ್ಲ. ನೀವು ತರುವ ವಿಷಯ ಹಾಗಿರುತ್ತದೆಯೇ?

ನಮ್ಮ ಕಡೆಯ ವಿಷಯಗಳು ಹಾಗಿರುವುದಿಲ್ಲ. ಪಶ್ಚಿಮ ಘಟ್ಟದ ವರದಿಗಳನ್ನೇ ತೆಗೆದುಕೊಳ್ಳಿ. ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ನಡುವೆ ಸಕಲೇಶಪುರ, ಮೂಡಿಗೆರೆ ಕಡೆ ನಾನು ಕೂತ ಸಭೆಗಳಲ್ಲಿ ಪರ ಇದ್ದವರೂ ವಿರೋಧ ಇದ್ದವರೂ ಗಂಟಲು ಹರಿಯುವ ಹಾಗೆ ಮಾತಾಡಿದರು. ಊಟದ ಹೊತ್ತಿನಲ್ಲಿ ಪಕ್ಕ ಕೂತವರನ್ನು ಮೆಲ್ಲಗೆ ಕೇಳುತ್ತಿದ್ದೆ, ವರದಿ ಓದಿದ್ದೀರಾ ಅಂತ. ನಗುತ್ತಿದ್ದರು. ನಾನೂ ಪೂರ್ತಿ ಓದಿರಲಿಲ್ಲ. ನಮ್ಮೂರನ್ನು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಸೇರಿಸಿದ್ದಾರೋ ಇಲ್ಲವೋ, ಅದೊಂದನ್ನೇ ಎಲ್ಲರೂ ಹುಡುಕಿದ್ದು. ಶಾಸಕರೂ ಅಷ್ಟೇ.

ಮತ್ತೆ ನಮ್ಮ ಬೆಳೆಗಾರರು. ಕಾಫಿ ಕುಡಿಸಿ ಕೇಳಿದೆ. “ಸಾಹೇಬರ ಮನಸ್ಸು ಬದಲಾಗಿ ಏನಾಗಬೇಕು, ಹೇಳಿ.”

“ಆನೆ ಸಮಸ್ಯೆ ಅರ್ಥ ಆಗಬೇಕು ಸಾರ್.”

“ಅರ್ಥ ಆಯ್ತು ಅಂದ್ಕೊಳ್ಳಿ. ಸೋಮವಾರ ಬೆಳಿಗ್ಗೆ ಅವರು ಏನು ಮಾಡಬೇಕು?”

ಸುಮ್ಮನಾದರು. ಎಲ್ಲರೂ ಇಲ್ಲೇ ಸುಮ್ಮನಾಗುತ್ತಾರೆ. ಆನೆ ಹಿಡಿಸುವುದು ಶಾಸಕರ ಕೈಯಲ್ಲಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಆನೆ ಒಂದನೇ ಅನುಸೂಚಿಯಲ್ಲಿದೆ. ಹಿಡಿಯಲು ಅನುಮತಿ ಕೊಡಬೇಕಾದವರು ಮುಖ್ಯ ವನ್ಯಜೀವಿ ಪರಿಪಾಲಕರು. ಇನ್ನು ಅರ್ಥ ಮಾಡಿಸುವ ಮಾತು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲೇ ವರದಿ ಕೊಟ್ಟಿದೆ. ಆಲೂರು, ಸಕಲೇಶಪುರದ ಕತೆ ಅದರಲ್ಲೇ ಇದೆ. ಇನ್ನೊಂದು ನಾನೂರು ಪುಟ ಯಾಕೆ?

ಅರ್ಧ ಗಂಟೆ ಮಾತಾಡಿದ ಮೇಲೆ ನಿಜವಾದ ನೋವು ಹೊರಬಂತು. ಅವರ ತೋಟದ ಕೂಲಿಯವರ ಲೈನ್ ಮನೆಗಳ ಹದಿನಾಲ್ಕು ಮಕ್ಕಳು ಬೆಳಿಗ್ಗೆ ಏಳಕ್ಕೆ ಮುಂಚೆ ಎರಡು ಕಿಲೋಮೀಟರ್ ಕಾಫಿ ಗಿಡದ ನಡುವೆ ನಡೆದು ಬಸ್ ಹಿಡಿಯಬೇಕು. ಆನೆ ಓಡಾಡುವ ಹೊತ್ತೂ ಅದೇ. ಬಸ್ಸು ಎರಡು ಕಿಲೋಮೀಟರ್ ಮೇಲೆ ಬಂದು ತಿರುಗಿಸಿಕೊಂಡು ಹೋದರೆ ಸಾಕು. ಅಲ್ಲಿ ಗಾಡಿ ತಿರುಗಿಸಲು ಜಾಗವೂ ಇದೆಯಂತೆ.

“ಇದನ್ನ ಮೊದಲೇ ಹೇಳಬಾರದಾ ಮಾರಾಯ್ರೇ!” ಸ್ವಲ್ಪ ಜೋರಾಗಿಯೇ ಅಂದೆ ಅನಿಸುತ್ತದೆ.

ಅರ್ಧ ಹಾಳೆಯ ಮನವಿ ಬರೆದುಕೊಟ್ಟೆ. ಎಷ್ಟು ಮಕ್ಕಳು, ಎಷ್ಟು ದೂರ, ಯಾವ ಬಸ್ಸು, ಯಾವ ಹೊತ್ತು, ಯಾವ ಡಿಪೊ. ಕೆಳಗೆ ತಾಯಂದಿರ ಸಹಿ, ಹೆಬ್ಬೆಟ್ಟು. ಇಮೇಲ್ ಬೇಡ. ನಾಲ್ಕು ಜನ ತಾಯಂದಿರೇ ಶಾಸಕರ ಕಚೇರಿಗೆ ಹೋಗಿ ಕೊಡಲಿ, ತಲುಪಿದ್ದಕ್ಕೆ ಇನ್‌ವರ್ಡ್ ಮುದ್ರೆ ಹಾಕಿಸಿಕೊಂಡೇ ಬರಲಿ ಅಂದೆ. ಬಸ್ಸು ಬಂದೇ ಬರುತ್ತದೆ ಎಂದು ಮಾತು ಕೊಡಲಿಲ್ಲ. ಡಿಪೊದಲ್ಲಿ ಗಾಡಿ ಕಡಿಮೆ, ರಸ್ತೆ ಸರಿಯಿಲ್ಲ ಅನ್ನುವ ಉತ್ತರ ಬರಬಹುದು. ಬಂದರೆ ಅದನ್ನು ಹಿಡಿದು ಮುಂದಿನ ಹಾಳೆ ಬರೆಯಬಹುದು.

ಪುಸ್ತಕ ಮೇಜಿನ ಮೇಲೇ ಇತ್ತು. ಅವರ ಮುಖ ನೋಡಿ ಪಾಪ ಅನ್ನಿಸಿತು. “ಕೊಡಿ, ಬೇಡ ಅನ್ನಲ್ಲ. ಬಣ್ಣದ ಕಾಗದ ತೆಗೀರಿ. ಆನೆ ಮುಂಜಾನೆ ಓಡಾಡೋದರ ಬಗ್ಗೆ ಇರೋ ಪುಟಕ್ಕೆ ಚೀಟಿ ಇಡಿ. ಆಮೇಲೆ ಇನ್ನೊಂದು ಪ್ರತಿ ತಗೊಳ್ಳಿ.”

“ಇನ್ನೊಂದು ಯಾರಿಗೆ ಸಾರ್?”

“ಡ್ರೈವರ್‌ಗೆ.”

ತಮಾಷೆ ಅಂದುಕೊಂಡರು. ನಾನು ಕೆಲಸ ಮಾಡಿದ ಕಡೆಯೆಲ್ಲ ಪುಸ್ತಕ ಓದುತ್ತಿದ್ದವನು ಡ್ರೈವರೇ. ಮದುವೆ ಮನೆಯ ಹೊರಗೆ, ಐಬಿ ಮುಂದೆ, ವಿಧಾನಸೌಧದ ಪಾರ್ಕಿಂಗ್‌ನಲ್ಲಿ ಗಂಟೆಗಟ್ಟಲೆ ಕಾಯಬೇಕು. ಫೋನ್ ಚಾರ್ಜು ಎಷ್ಟು ಹೊತ್ತು ಬರುತ್ತದೆ? ಹಾಸನದಿಂದ ಬೆಂಗಳೂರಿಗೆ ಮೂರು ಗಂಟೆ ಸಾಹೇಬರ ಪಕ್ಕ ಕೂರುವವನೂ ಅವನೇ. ಬೇಸರವಾದಾಗ ಅವರು ಮಾತಿಗೆಳೆಯುವುದೂ ಅವನನ್ನೇ.

ಹೋದ ವಾರ ಬೆಳೆಗಾರರು ಫೋನ್ ಮಾಡಿದ್ದರು. ಬಸ್ಸು ಇನ್ನೂ ಬಂದಿಲ್ಲ. ಶಾಸಕರ ಪತ್ರ ಡಿಪೊಗೆ ಹೋಗಿದೆ, ರಸ್ತೆ ನೋಡಲು ಒಬ್ಬರು ಬಂದು ಹೋಗಿದ್ದಾರೆ. ಚೀಟಿ ಇಟ್ಟ ಪುಸ್ತಕ ಸಾಹೇಬರ ಮೇಜಿನ ಮೇಲೆ ಇಟ್ಟ ಹಾಗೇ ಇದೆಯಂತೆ.

“ಡ್ರೈವರು ಮಾತ್ರ ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ದ ಸಾರ್. ತೊಂಬತ್ತನೇ ಪುಟಕ್ಕೆ ಬಂದಿದ್ದಾನಂತೆ. ಮಖ್ನಾ ಅಂದ್ರೆ ಕೊಂಬಿಲ್ಲದ ಗಂಡಾನೆನಾ, ನಿಮ್ಮ ತೋಟಕ್ಕೆ ಬರೋದು ಅದೇನಾ ಅಂತ ಕೇಳ್ದ.”